ನೇಮಕಾತಿ ಅಧಿಕಾರಿಯ ಮುಂದೆ ನಿಲ್ಲುವ ಮುನ್ನ: ತಮ್ಮನಿಗಾಗಿ ನಾವು ಮಾಡಿಕೊಂಡ ತಯಾರಿ

ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ನಾನು ಗ್ರಾಮ ಒನ್ ಕೇಂದ್ರ ನಡೆಸುತ್ತೇನೆ. ಸೇನೆಯ ನಾಲ್ಕು ವರ್ಷದ ಸೇವೆಗೆ ಕರೆಯುವ ಅಗ್ನಿವೀರ ಅರ್ಜಿ ಶುರುವಾಯಿತೆಂದರೆ ನಾನು ಬಾಗಿಲು ತೆಗೆಯುವ ಮುಂಚೆಯೇ ಹುಡುಗರು ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಬಹುತೇಕರಿಗೆ ಓಟದ್ದೇ ಚಿಂತೆ. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ 60 ಅಂಕ, ಹತ್ತು ಪುಲ್‌ಅಪ್ ತೆಗೆದರೆ 40 ಅಂಕ ಎಂಬುದು ಅವರಿಗೆ ಬಾಯಿಪಾಠ. ಆದರೆ ಓಟದಲ್ಲಿ ಗೆದ್ದ ಹುಡುಗ ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಸೋತು ಬಂದಾಗ ಕರುಳು ಚುರುಕ್ಕೆನ್ನುತ್ತದೆ. ನನ್ನ ತಮ್ಮ ಸೇನೆ ಸೇರುತ್ತೇನೆಂದಾಗ ನಾವು ಆ ಮೇಜಿನಿಂದಲೇ ತಯಾರಿ ಶುರು ಮಾಡಿದೆವು.

ಮೊದಲು ತಿಳಿಯಬೇಕಾದದ್ದು ನಮ್ಮ ಜಿಲ್ಲೆ ಯಾವ ಕಚೇರಿಗೆ ಸೇರುತ್ತದೆ ಎಂಬುದು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿರುವುದರಿಂದ ನಮ್ಮ ಕಡೆಯವರು ಎಲ್ಲಕ್ಕೂ ಬೆಳಗಾವಿಯತ್ತಲೇ ಕೈ ತೋರಿಸುತ್ತಾರೆ. ಆದರೆ ಹಾವೇರಿ, ಧಾರವಾಡ ಜಿಲ್ಲೆಗಳಿಗೆ ಸಂಬಂಧಿಸಿದ್ದು ಮಂಗಳೂರಿನ ಸೇನಾ ನೇಮಕಾತಿ ಕಚೇರಿ. ಇನ್ನು, ನೇರವಾಗಿ ಮೈದಾನಕ್ಕೆ ಹೋಗಿ ಸಾಲಿನಲ್ಲಿ ನಿಲ್ಲುವ ಕಾಲವೂ ಈಗಿಲ್ಲ. 2023ರಿಂದ ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ಓಟ, ದಾಖಲೆ ಪರಿಶೀಲನೆ ನಡೆಯುವ ರ‍್ಯಾಲಿ. ಈ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು.

ನಮಗೆ ಹೆಚ್ಚು ಸಮಯ ಹಿಡಿದದ್ದು ಹೆಸರು. ತಮ್ಮನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ಆಧಾರ್‌ನಲ್ಲಿ ಅವೇ ಎರಡು ಅಕ್ಷರಗಳು ಬಿಡಿಸಿಕೊಂಡು ಅಪ್ಪನ ಹೆಸರು, ಮನೆತನದ ಹೆಸರು ಆಗಿವೆ. ಅವ್ವನ ಹೆಸರು ಒಂದು ಕಡೆ ‘ಅವ್ವ’ ಎಂದು ಮುಗಿದರೆ ಇನ್ನೊಂದು ಕಡೆ ‘ಮ್ಮ’ ಎಂದು ಮುಗಿಯುತ್ತದೆ. ಊರಿನಲ್ಲಿ ಎರಡೂ ಹೆಸರಿಗೆ ಅವ್ವ ಓಗೊಡುತ್ತಾಳೆ, ಆದರೆ ದಾಖಲೆ ನೋಡುವವರಿಗೆ ಅವರು ಇಬ್ಬರು ಬೇರೆ ಹೆಂಗಸರು. ಸೇನೆ ಆಧಾರವಾಗಿ ಹಿಡಿಯುವುದು ಹತ್ತನೇ ತರಗತಿಯ ಅಂಕಪಟ್ಟಿಯನ್ನು. ಅದನ್ನು ತಿದ್ದಿಸಬೇಕೆಂದರೆ ಶಾಲೆ, ಮಂಡಳಿ ಎಂದು ಅಲೆಯಬೇಕು. ಆದ್ದರಿಂದ ಆಧಾರ್ ಅನ್ನೇ ಅಂಕಪಟ್ಟಿಗೆ ಹೊಂದುವಂತೆ ತಿದ್ದಿಸಿದೆವು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಆತುರದಲ್ಲಿ ಒಂದಕ್ಷರ ತಪ್ಪಿದರೂ ಒಂದು ಅವಕಾಶ ಹೋದಂತೆ. ಈ ಕೆಲಸ ಅರ್ಜಿ ಕರೆಯುವ ಮುಂಚೆಯೇ ಆಗಿರಬೇಕು.

ಹೆಸರು ಸರಿಯಾದ ಮೇಲೆ ಉಳಿದವು ಓಡಾಟದ ಕೆಲಸ. ತಹಶೀಲ್ದಾರರಿಂದ ವಾಸಸ್ಥಳ ಮತ್ತು ಜಾತಿ ಪ್ರಮಾಣಪತ್ರ, ಶಾಲೆಯಿಂದ ನಡತೆ ಪ್ರಮಾಣಪತ್ರ, ಪಂಚಾಯಿತಿಯಿಂದ ನಡತೆಯ ಜೊತೆಗೆ ಅವಿವಾಹಿತ ಪ್ರಮಾಣಪತ್ರ, ಛಾಪಾ ಕಾಗದದ ಮೇಲೆ ಅಫಿಡವಿಟ್. ಪಂಚಾಯಿತಿಯ ಪತ್ರಗಳ ಮೇಲೆ ಫೋಟೋ ಇರಬೇಕು, ಅವು ಆರು ತಿಂಗಳಿಗಿಂತ ಹಳೆಯವಾಗಿರಬಾರದು. ತೀರಾ ಮುಂಚೆ ಮಾಡಿಸಿಟ್ಟರೂ ಅವು ರ‍್ಯಾಲಿಯ ಹೊತ್ತಿಗೆ ಹಳಸಿಬಿಡುತ್ತವೆ. ಎನ್‌ಸಿಸಿ ಪ್ರಮಾಣಪತ್ರವಿದ್ದವರು ಮರೆಯದೆ ಒಯ್ಯಬೇಕು, ಅದಕ್ಕೆ ಹೆಚ್ಚುವರಿ ಅಂಕವಿದೆ.

ದಲ್ಲಾಳಿಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಮ್ಮ ಮನೆಗೂ ಒಬ್ಬ ಬಂದಿದ್ದ. ‘ಈಗ ದುಡ್ಡು ಬೇಡ, ಒರಿಜಿನಲ್ ಅಂಕಪಟ್ಟಿ ಕೊಟ್ಟಿರಿ, ಆಯ್ಕೆಯಾದ ಮೇಲೆ ಕೊಡಿ’ ಎಂದ. ಕೇಳುವವರಿಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಅವನ ಲೆಕ್ಕಾಚಾರವನ್ನು ಅಪ್ಪನಿಗೆ ಬಿಡಿಸಿ ಹೇಳಿದೆ. ಇಪ್ಪತ್ತು ಹುಡುಗರ ಅಂಕಪಟ್ಟಿ ಇಟ್ಟುಕೊಂಡು ಸುಮ್ಮನೆ ಕುಳಿತರೂ ಅವರಲ್ಲಿ ಇಬ್ಬರು ಮೂವರು ತಮ್ಮ ಕಾಲ ಬಲದಿಂದಲೇ ಆಯ್ಕೆಯಾಗುತ್ತಾರೆ. ಅವರಿಂದ ಲಕ್ಷಗಟ್ಟಲೆ ವಸೂಲಿ, ಉಳಿದವರಿಗೆ ಅಂಕಪಟ್ಟಿ ವಾಪಸ್. ಅವನು ಎಲ್ಲೂ ಬೆರಳು ಅಲ್ಲಾಡಿಸಿರುವುದಿಲ್ಲ. ಅರ್ಜಿಗೆ 250 ರೂಪಾಯಿ ಶುಲ್ಕವಿದೆ, ಅದು ಬಿಟ್ಟರೆ ನೇಮಕಾತಿಗೆ ಕೊಡಬೇಕಾದ ಹಣವೇ ಇಲ್ಲ. ಮೂಲ ದಾಖಲೆಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ, ಗುರುತಿನವರಾದರೂ ಅಷ್ಟೇ, ನಿವೃತ್ತ ಸೈನಿಕರೆಂದು ಹೇಳಿಕೊಂಡರೂ ಅಷ್ಟೇ.

ನೇಮಕಾತಿ ಕಚೇರಿಯವರು ಮಾಹಿತಿ ಕೊಡಲು ನಮ್ಮ ಭಾಗದ ಕಾಲೇಜಿಗೆ ಬಂದಾಗ ಅವ್ವ, ತಮ್ಮ, ನಾನು ಮೂವರೂ ಹೋದೆವು. ಹೋಗುವ ಮುಂಚೆ ಮನೆಯಲ್ಲಿ ಕುಳಿತು ಕೇಳಬೇಕಾದ್ದನ್ನೆಲ್ಲ ಬರೆದುಕೊಂಡಿದ್ದೆವು. ಅಧಿಕಾರಿಯ ಮುಂದೆ ಹುಡುಗರು ಎದೆಯುಬ್ಬಿಸಿ ನಿಲ್ಲುತ್ತಾರೆಯೇ ಹೊರತು ಪ್ರಶ್ನೆ ಕೇಳುವುದಿಲ್ಲ, ಕೇಳಿದರೆ ಹಿಂಜರಿಕೆ ಎಂದುಕೊಂಡಾರು ಎಂಬ ಭಯ. ಅವ್ವನಿಗೆ ಆ ಭಯವಿರಲಿಲ್ಲ. ‘ನಾಲ್ಕು ವರ್ಷ ಆದ ಮೇಲೆ ನನ್ನ ಮಗನ ಗತಿಯೇನು ಸಾಹೇಬರೇ?’ ಎಂದು ನೇರವಾಗಿ ಕೇಳಿದಳು. ಅವರೂ ಅಷ್ಟೇ ನೇರವಾಗಿ ಹೇಳಿದರು: ‘ನೂರರಲ್ಲಿ ಹೆಚ್ಚೆಂದರೆ ಇಪ್ಪತ್ತೈದು ಜನರನ್ನು ಮುಂದುವರಿಸುತ್ತಾರೆ ಅಮ್ಮಾ. ಉಳಿದವರು ಸೇವಾ ನಿಧಿ ತೆಗೆದುಕೊಂಡು ಮನೆಗೆ ಬರುತ್ತಾರೆ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ.’

ಸಂಬಳದ ಲೆಕ್ಕವನ್ನು ನಾನು ಅಲ್ಲೇ ಕೇಳಿ ಬರೆದುಕೊಂಡೆ. ಮೊದಲ ವರ್ಷ ತಿಂಗಳಿಗೆ 30,000 ಎನ್ನುವುದು ನಿಜ, ಆದರೆ ಅದರಲ್ಲಿ ಶೇಕಡ 30 ಆ ಸೇವಾ ನಿಧಿಗೆ ಹೋಗಿ ಕೈಗೆ ಬರುವುದು 21,000. ನಾಲ್ಕನೇ ವರ್ಷಕ್ಕೆ ಒಟ್ಟು 40,000, ಕೈಗೆ 28,000. ಹುಡುಗನ ಪಾಲಿಗೆ ಸರ್ಕಾರವೂ ಅಷ್ಟೇ ಸೇರಿಸಿ, ಕೊನೆಗೆ ಸುಮಾರು 10.04 ಲಕ್ಷ ಮತ್ತು ಅದರ ಬಡ್ಡಿ ಸಿಗುತ್ತದೆ. ಮಗನ ಸಂಬಳ ನಂಬಿ ಮನೆ ಕಟ್ಟಲು ಸಾಲ ಮಾಡಬೇಕೆಂದಿದ್ದ ಅಪ್ಪ ಈ ಅಂಕಿಗಳನ್ನು ನೋಡಿ ಆ ಯೋಜನೆಯನ್ನು ಕೈಬಿಟ್ಟ. ಅವ್ವನನ್ನು ಆಚೆ ಕೂರಿಸಿ ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ. ಸೇವೆಯಲ್ಲಿರುವಾಗ ಜೀವ ಹೋದರೆ 48 ಲಕ್ಷದ ವಿಮೆ ಇದೆ, ಅದರ ಕಂತನ್ನು ಹುಡುಗ ಕಟ್ಟಬೇಕಾಗಿಲ್ಲ. ಬಾಯಿಂದ ಆ ಮಾತು ಹೊರಡಿಸುವುದು ಸುಲಭವಲ್ಲ, ಆದರೂ ಮನೆಯವರಲ್ಲಿ ಯಾರಾದರೊಬ್ಬರು ಕೇಳಲೇಬೇಕು. ನಡುವೆ ಬೇಡವೆನಿಸಿದರೆ ಬಿಟ್ಟು ಬರಬಹುದೇ ಎಂದು ತಮ್ಮ ಕೇಳಿದ. ತೀರಾ ಅಪರೂಪದ ಸಂದರ್ಭದಲ್ಲಿ, ಅದೂ ಮೇಲಧಿಕಾರಿಗಳ ಒಪ್ಪಿಗೆಯಿದ್ದರೆ ಮಾತ್ರ ಎಂಬ ಉತ್ತರ ಬಂತು.

ದೇಹದ ಅಳತೆಯನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ನಮ್ಮ ರಾಜ್ಯದವರಿಗೆ ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸೈನಿಕನ ಹುದ್ದೆಗೆ, 166 ಸೆಂಟಿಮೀಟರ್ ಎತ್ತರ, ಕ್ಲರ್ಕ್ ಹುದ್ದೆಗೆ 162. ಎದೆ 77 ಇದ್ದು, ಉಸಿರೆಳೆದಾಗ 5 ಸೆಂಟಿಮೀಟರ್ ಹಿಗ್ಗಬೇಕು. ಕಿವಿಯ ಗುಗ್ಗೆಯನ್ನು ವೈದ್ಯರಿಂದ ತೆಗೆಸಿಕೊಂಡೇ ಹೋಗಿ. ಮೊಣಕಾಲು ಒಂದಕ್ಕೊಂದು ತಗಲುವುದು, ಚಪ್ಪಟೆ ಪಾದ, ಬಣ್ಣ ಗುರುತಿಸುವ ತೊಂದರೆ ಇವನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲೇ ತೋರಿಸಿಕೊಂಡರೆ ವರ್ಷಗಟ್ಟಲೆ ಓಡಿ ಕೊನೆಗೆ ಕಣ್ಣೀರಿಡುವುದು ತಪ್ಪುತ್ತದೆ.

ತಮ್ಮ ಈಗ ತರಬೇತಿಯಲ್ಲಿದ್ದಾನೆ. ಕೇಂದ್ರಕ್ಕೆ ಬರುವ ಹುಡುಗರಿಗೆ ಅರ್ಜಿ ತುಂಬುವ ಮುನ್ನ ನಾನು ಹೇಳುವುದಿಷ್ಟು: ಅಂಕಪಟ್ಟಿ, ಆಧಾರ್ ಎರಡನ್ನೂ ತಾ, ಜೊತೆಗೆ ಅಪ್ಪನನ್ನೋ ಅವ್ವನನ್ನೋ ಕರೆದುಕೊಂಡು ಬಾ. ಹದಿನೇಳೂವರೆ ವರ್ಷಕ್ಕೇ ಅರ್ಜಿ ಹಾಕಬಹುದು, ಆದರೆ ಹದಿನೆಂಟು ತುಂಬದವರ ಸೇರ್ಪಡೆಗೆ ಹೆತ್ತವರ ಸಹಿ ಬೇಕು. ಸಹಿ ಹಾಕುವವರಿಗೆ ಕೈಗೆ ಬರುವ ಸಂಬಳ ಎಷ್ಟು, ನಾಲ್ಕು ವರ್ಷದ ನಂತರ ಏನು ಎಂಬುದನ್ನು ಅಲ್ಲೇ ಕೂರಿಸಿ ಓದಿ ಹೇಳುತ್ತೇನೆ.