ನ್ಯೂ ಲನಾರ್ಕ್ ನೋಡೋದು ಹೇಗೆ: ಮೊದಲು ನೀರು, ಆಮೇಲೆ ಗಿರಣಿ

ಊರಿಂದ ಗ್ಲಾಸ್ಗೋಗೆ ಯಾರೇ ಬರ್ಲಿ, ಎಡಿನ್‌ಬರಾ ಕೋಟೆ ಆಯ್ತು, ಲಾಕ್ ನೆಸ್ ಆಯ್ತು, ಇನ್ನೊಂದಿನ ಉಳಿದಿದೆ ಏನ್ ನೋಡೋದು ಅಂತ ಕೇಳೇ ಕೇಳ್ತಾರೆ. ನಾನು ಯೋಚ್ನೆನೇ ಮಾಡ್ದೆ ನ್ಯೂ ಲನಾರ್ಕ್ ಅಂತೀನಿ. ಕ್ಲೈಡ್ ನದಿ ಕಣಿವೆಯ ತಳದಲ್ಲಿ ಕೂತಿರೋ ಪುಟ್ಟ ಊರು, ಇನ್ನೂರು ಚಿಲ್ರೆ ಜನ ಇರ್ಬಹುದು ಅಷ್ಟೇ, ಆದ್ರೆ ಇನ್ನೂರು ವರ್ಷದ ಹಿಂದೆ ಇದೇ ಜಾಗದಲ್ಲಿ ಸುಮಾರು 2500 ಜನ ಇದ್ರು, ನಾಲ್ಕು ದೊಡ್ಡ ಹತ್ತಿ ಗಿರಣಿ ಓಡ್ತಿತ್ತು, ಯೂರೋಪಿನ ರಾಜಮನೆತನದೋರೆಲ್ಲ ಗಾಡಿ ಕಟ್ಕೊಂಡು ನೋಡಕ್ಕೆ ಬರ್ತಿದ್ರು. 2001ರಿಂದ ಯುನೆಸ್ಕೋ ಪಟ್ಟಿಲೂ ಇದೆ.

ಆದ್ರೆ ಇದನ್ನ ತಪ್ಪಾಗಿ ನೋಡೋದು ಬಹಳ ಸುಲಭ. ನಾನೇ ಮೊದಲ್ನೇ ಸಲ ಹಂಗೇ ಮಾಡಿದ್ದೆ, ಬಸ್ ಇಳಿದೆ, ಟಿಕೆಟ್ ತಗೊಂಡೆ, ಗಿರಣಿ ಒಳಗೆ ಒಂದು ರೌಂಡ್ ಹೊಡ್ದೆ, ಐಸ್‌ಕ್ರೀಮ್ ತಿಂದೆ, ಎರಡು ಗಂಟೇಲಿ ವಾಪಸ್, ಮನೇಗೆ ಬಂದು ಹಳೇ ಕಟ್ಟಡ ಅಷ್ಟೇ ಕಣೋ ಅಂತ ಫ್ರೆಂಡ್‌ಗೆ ಹೇಳಿದ್ದೂ ಆಯ್ತು. ಎರಡನೇ ಸಲ ನಮ್ಮತ್ತೆನ ಕರ್ಕೊಂಡು ಹೋದಾಗ್ಲೇ ಊರು ಅರ್ಥ ಆಗಿದ್ದು. ಅವ್ರು ಗೋಕಾಕ ಕಡೆಯವ್ರು. ಊರೊಳಗೆ ಹರಿಯೋ ಕಾಲುವೆ ಹತ್ರ ನಿಂತ್ಕೊಂಡು, "ಈ ನೀರು ಎಲ್ಲಿಂದ ತಂದಾರ? ಗಿರಣಿ ಎಲ್ಲಿ ಓಡಿ ಹೋಗ್ತದ, ಮೊದ್ಲ ನೀರಿನ ದಾರಿ ತೋರಸ್ರಿ" ಅಂದ್ರು. ಘಟಪ್ರಭೆ ಧುಮುಕೋ ಜಾಗದಲ್ಲೇ 1887ರಲ್ಲಿ ಶುರುವಾದ ನೂಲಿನ ಗಿರಣಿ ನೋಡ್ಕೊಂಡು ಬೆಳೆದೋರಿಗೆ ಆ ಪ್ರಶ್ನೆ ತಾನಾಗೇ ಬರತ್ತೆ, ನನಗೆ ಬಂದಿರ್ಲಿಲ್ಲ. ಅವತ್ತಿಂದ ಯಾರನ್ನ ಕರ್ಕೊಂಡು ಹೋದ್ರೂ ನಂದು ಇದೇ ಕ್ರಮ, ಮೊದಲು ನೀರು, ಆಮೇಲೆ ಗಿರಣಿ, ಕೊನೇಗೆ ಮನೆ.

ಹೋಗೋದು ಹೇಗೆ ಅಂದ್ರೆ, ಗ್ಲಾಸ್ಗೋ ಸೆಂಟ್ರಲ್‌ನಿಂದ ಲನಾರ್ಕ್‌ಗೆ ಟ್ರೈನು, ಒಂದು ಗಂಟೆ ಹತ್ರ ಹಿಡಿಯತ್ತೆ. ಲನಾರ್ಕ್ ಬೇರೆ, ನ್ಯೂ ಲನಾರ್ಕ್ ಬೇರೆ, ಇದು ನೆನಪಿರ್ಲಿ. ಲನಾರ್ಕ್ ಮೇಲಿರೋ ಹಳೇ ಪೇಟೆ, 1297ರಲ್ಲಿ ವಿಲಿಯಂ ವಾಲೆಸ್ ಇಂಗ್ಲಿಷ್ ಶೆರಿಫ್‌ನ ಕೊಂದು ದಂಗೆ ಎದ್ದ ಊರು ಇದೇ, ಚರ್ಚಿನ ಗೋಡೆ ಮೇಲೆ ಅವನ ಪ್ರತಿಮೆ ಇದೆ, ದಾರೀಲಿ ಒಂದ್ಸಲ ತಲೆ ಎತ್ತಿ ನೋಡಿ ಸಾಕು. ಅಲ್ಲಿಂದ ಕೆಳಗೆ ನ್ಯೂ ಲನಾರ್ಕ್‌ಗೆ ಲೋಕಲ್ ಬಸ್ ಇದೆ, ಟೈಮಿಂಗ್ ಹಿಂದಿನ ದಿನಾನೇ ನೋಡ್ಕೊಂಡಿರಿ. ನಡೆಯೋರಿಗೆ ಅರ್ಧ ಗಂಟೆ ದಾರಿ, ಇಳಿಜಾರು, ಹೋಗುವಾಗ ಆರಾಮಾಗಿ ಇಳೀಬಹುದು, ವಾಪಸ್ ಬರುವಾಗ ಅದೇ ಇಳಿಜಾರು ಏರು ಆಗಿರತ್ತೆ ಅನ್ನೋದನ್ನ ಮಾತ್ರ ಇಳಿಯುವಾಗ್ಲೇ ಯೋಚ್ನೆ ಮಾಡಿ, ಮಂಡಿ ನೋವಿರೋರು ಜೊತೇಲಿದ್ರೆ ಬಸ್ಸೇ ವಾಸಿ. ಕಾರಲ್ಲಿ ಬಂದ್ರೂ ಮುಖ್ಯ ಪಾರ್ಕಿಂಗ್ ಮೇಲ್ಗಡೆನೇ ಇರೋದು.

ಶೂ ಹಾಕ್ಕೊಂಡು ಬನ್ನಿ, ಚಪ್ಪಲಿ ಬೇಡ, ನದಿ ಪಕ್ಕದ ದಾರಿ ಬೇಸಿಗೇಲೂ ಕೆಸರು. ಮಳೆ ಜಾಕೆಟ್ ಕಡ್ಡಾಯ. ಜೂನ್ ಜುಲೈಲಿ ಮಿಡ್ಜ್ ಅಂತ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಇರತ್ತೆ, ಕಚ್ಚಿದ್ರೆ ಎರಡು ದಿನ ಕೆರ್ಕೋತಾ ಇರ್ಬೇಕು. ಚಿತ್ರಾನ್ನನೋ ಪುಳಿಯೋಗರೆನೋ ಕಟ್ಕೊಂಡು ಹೋಗಿ, ಮೇಲ್ಗಡೆ ಜಲಪಾತದ ಹತ್ರ ಅಂಗಡಿ ಏನೂ ಇಲ್ಲ.

ಊರಿಗೆ ಇಳಿದ ಮೇಲೆ ಟಿಕೆಟ್ ಕೌಂಟರ್ ಕಡೆ ತಿರುಗ್ಬೇಡಿ. ಊರೊಳಗೆ ಓಡಾಡಕ್ಕೆ, ನದಿ ದಂಡೇಲಿ ನಡೆಯಕ್ಕೆ ಟಿಕೆಟ್ ಬೇಕಾಗಿಲ್ಲ. ನದಿ ಎಡಕ್ಕೋ ಬಲಕ್ಕೋ ಅಂತ ಕನ್ಫ್ಯೂಸ್ ಆಗ್ಬೇಡಿ, ನೀರು ಯಾವ ಕಡೆಯಿಂದ ಬರ್ತಿದೆಯೋ ಆ ಕಡೆ ನಡೀರಿ. ಮೊದಲು ಸಿಗೋದು ಡಂಡಾಫ್ ಲಿನ್, ಒಂದಾಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ ಧುಮುಕೋ ಸಣ್ಣ ಜಲಪಾತ. ಸ್ಕಾಟ್ಸ್ ಭಾಷೇಲಿ ಲಿನ್ ಅಂದ್ರೆ ಜಲಪಾತ ಅಥವಾ ಅದರ ಕೆಳಗಿನ ಮಡು. ಇದನ್ನ ಸಣ್ಣದು ಅಂತ ದಾಟ್ಕೊಂಡು ಹೋಗ್ಬೇಡಿ, ಈ ಊರು ಹುಟ್ಟಿದ್ದೇ ಇದರಿಂದ. ಇದರ ಮೇಲ್ಗಡೆ ನದೀನ ತಡೆದು, ನೀರನ್ನ ಬಂಡೆ ಕೊರೆದು ಮಾಡಿದ ಸುರಂಗದಲ್ಲಿ ಹಾಯಿಸಿ, ಆಮೇಲೆ ತೆರೆದ ಕಾಲುವೇಲಿ ಗಿರಣಿಗಳ ಬೆನ್ನಿಗೇ ತಂದು ಬಿಟ್ಟಿದಾರೆ. ಆ ಕಾಲುವೆಗೆ ಇಲ್ಲಿ ಲೇಡ್ ಅಂತಾರೆ. ಕಾಲುವೆ ಹೆಚ್ಚುಕಮ್ಮಿ ಮಟ್ಟವಾಗಿ ಬರತ್ತೆ, ನದಿ ಮಾತ್ರ ಪಕ್ಕದಲ್ಲೇ ಕೆಳಕ್ಕೆ ಇಳೀತಾ ಹೋಗತ್ತೆ, ಗಿರಣಿ ಹತ್ರ ಬರೋ ಹೊತ್ತಿಗೆ ಎರಡರ ನಡುವೆ ಸಿಗೋ ಎತ್ತರ ಏನಿದೆ, ಅದೇ ಇವರ ಬಂಡವಾಳ, ಆ ಎತ್ತರದಿಂದ ನೀರು ಬಿದ್ದು ಚಕ್ರ ತಿರುಗ್ತಿತ್ತು, ಚಕ್ರದಿಂದ ಸಾವಿರಾರು ಕದಿರು ತಿರುಗ್ತಿತ್ತು.

ಗ್ಲಾಸ್ಗೋ ವ್ಯಾಪಾರಿ ಡೇವಿಡ್ ಡೇಲ್ ಈ ಜಾಗ ಆರಿಸಿದ್ದು ಇದಕ್ಕೇನೇ, ಜೊತೆಗೆ ನೀರಿನ ಬಲದಿಂದ ನೂಲೋ ಯಂತ್ರದಿಂದ ಹೆಸರು ಮಾಡಿದ್ದ ರಿಚರ್ಡ್ ಆರ್ಕ್‌ರೈಟ್ ಪಾಲುದಾರ. 1785ರಲ್ಲಿ ಕಟ್ಟಕ್ಕೆ ಶುರು, ಮರುವರ್ಷ ನೂಲು ತೆಗೆದ್ರು, 1788ರಲ್ಲಿ ಮೊದಲ್ನೇ ಗಿರಣಿ ಸುಟ್ಟೋಯ್ತು, ಮತ್ತೆ ಕಟ್ಟಿದ್ರು. ಕಾಡು ಕಣಿವೇಲಿ ಕೆಲ್ಸಕ್ಕೆ ಜನ ಎಲ್ಲಿಂದ ಬರ್ಬೇಕು? ಅದಕ್ಕೇ ಊರು ಕಟ್ಬೇಕಾಯ್ತು.

ಡಂಡಾಫ್ ಆದ್ಮೇಲೆ ಮರದ ಹಲಗೆ ದಾರೀಲಿ ಮುಂದೆ ನಡೆದ್ರೆ ಬಾನಿಂಗ್ಟನ್ ವಿದ್ಯುತ್ ಸ್ಥಾವರ, ದಪ್ಪ ದಪ್ಪ ಪೈಪು ಗುಡ್ಡದಿಂದ ಇಳೀತಿರತ್ತೆ, 1920ರ ದಶಕದ್ದು, ಇವತ್ತಿಗೂ ಕರೆಂಟು ತೆಗೀತಾರೆ. ಅಲ್ಲಿಂದ ಸ್ವಲ್ಪ ಏರಿದ್ರೆ ಕೋರಾ ಲಿನ್, ಸುಮಾರು 26 ಮೀಟರ್. ಗೋಕಾಕ ಇದರ ಎರಡರಷ್ಟು, ಹಂಗಾಗಿ ನಮ್ಮತ್ತೆ "ಚಲೋ ಐತಿ" ಅಂತ ಒಂದೇ ಮಾತಲ್ಲಿ ಮುಗಿಸಿದ್ರು. ಒಂದು ಗುಟ್ಟು ಹೇಳ್ತೀನಿ ಕೇಳಿ, ಸ್ಥಾವರಕ್ಕೆ ನೀರು ಮೇಲ್ಗಡೆನೇ ತಿರುಗಿಸ್ತಾರಲ್ಲ, ಅದಕ್ಕೆ ಒಣ ವಾರದಲ್ಲಿ ಹೋದ್ರೆ ಜಲಪಾತ ಬಡಕಲಾಗಿರತ್ತೆ. ಎರಡು ಮೂರು ದಿನ ಚೆನ್ನಾಗಿ ಮಳೆ ಹೊಡೆದ ಮಾರನೇ ದಿನ ಹೋಗಿ. ಸ್ಕಾಟ್ಲೆಂಡಲ್ಲಿ ಆ ತರದ ದಿನಕ್ಕೆ ಬರ ಇಲ್ಲ.

ಕೋರಾ ಲಿನ್ ಎದುರಿಗೆ ಮೇಲ್ಗಡೆ ಒಂದು ಪಾಳು ಕಟ್ಟಡ ಇದೆ, 1708ರದ್ದು. ಜಮೀನ್ದಾರರ ಅತಿಥಿಗಳು ಕೂತು ಜಲಪಾತ ನೋಡಕ್ಕೆ ಕಟ್ಟಿಸಿದ್ದು, ಒಳಗೆ ಕನ್ನಡಿ ಹಾಕ್ಸಿದ್ರಂತೆ, ಬೀಳೋ ನೀರು ಕನ್ನಡೀಲಿ ಕಾಣ್ಲಿ ಅಂತ. ಜಲಪಾತಕ್ಕೆ ಬೆನ್ನು ಹಾಕ್ಕೊಂಡು ಜಲಪಾತ ನೋಡೋ ಶೋಕಿ ನಮ್ಮ ಕಾಲದ್ದು ಅನ್ಕೊಂಡಿದ್ದೆ. ಇನ್ನೂ ಶಕ್ತಿ ಇದ್ರೆ ಬಾನಿಂಗ್ಟನ್ ಲಿನ್‌ವರೆಗೂ ನಡೀರಿ, ಇಲ್ಲಾಂದ್ರೆ ಇಲ್ಲೇ ಬುತ್ತಿ ಬಿಚ್ಚಿ ತಿಂದು ವಾಪಸ್ ಇಳೀರಿ. ವಸಂತದಲ್ಲಾದ್ರೆ ಬಂಡೆಗಳಲ್ಲಿ ಪೆರೆಗ್ರಿನ್ ಗಿಡುಗ ಗೂಡು ಕಟ್ಟಿರೋದು ಕಾಣ್ಬಹುದು.

ಈಗ ಗಿರಣಿ. ಸಂದರ್ಶಕರ ಕೇಂದ್ರದಲ್ಲಿ ಕುರ್ಚೀಲಿ ಕೂರ್ಸಿ ಕತ್ತಲಲ್ಲಿ ತಿರುಗ್ಸೋ ರೈಡ್ ಒಂದಿದೆ, 1820ರ ಒಬ್ಬ ಹುಡುಗಿ ಕಥೆ ಹೇಳೋ ತರ, ಮಕ್ಕಳಿಗೆ ಇಷ್ಟ ಆಗತ್ತೆ, ದೊಡ್ಡೋರು ಒಂದ್ಸಲ ಕೂರ್ಬಹುದು. ನೀವು ಟೈಮ್ ಕೊಡ್ಬೇಕಾಗಿರೋದು ಬೇರೆ ಕಡೆ. ರಾಬರ್ಟ್ ಓವೆನ್ ಅನ್ನೋ ವೇಲ್ಸ್ ಹುಡುಗ ಡೇಲ್ ಮಗಳು ಕ್ಯಾರೊಲಿನ್‌ನ ಮದ್ವೆ ಆಗಿ, ಪಾಲುದಾರರ ಜೊತೆ ಅರವತ್ತು ಸಾವಿರ ಪೌಂಡಿಗೆ ಮಾವನ ಗಿರಣಿಗಳನ್ನೇ ಕೊಂಡ್ಕೊಂಡು, 1800ರ ಜನವರಿಲಿ ಮ್ಯಾನೇಜರ್ ಆಗಿ ಕೂತ, ಆಗ ಅವನಿಗೆ ಮೂವತ್ತೂ ತುಂಬಿರ್ಲಿಲ್ಲ. ಅಲ್ಲಿರೋ ಬೋರ್ಡೆಲ್ಲ ಅವನ ಗುಣಗಾನನೇ. ಹತ್ತು ವರ್ಷದೊಳಗಿನ ಮಕ್ಕಳಿಗೆ ಕೆಲ್ಸ ಇಲ್ಲ ಅಂದ, ಕೆಲ್ಸದ ಹೊತ್ತನ್ನ ಹತ್ತೂಮುಕ್ಕಾಲು ಗಂಟೆಗೆ ಇಳಿಸ್ದ, 1816ರ ಜನವರಿ 1ಕ್ಕೆ ಶಿಕ್ಷಣ ಸಂಸ್ಥೆ ತೆಗೆದು ಅದರಲ್ಲೇ ನಡೆಯಕ್ಕೆ ಕಲಿತ ಪುಟಾಣಿಗಳಿಗೆ ಬ್ರಿಟನ್ನಿನ ಮೊದಲ ಶಿಶುಶಾಲೆ ನಡೆಸ್ದ. ಹೊಡೆಯಂಗಿಲ್ಲ, ಬೈಯಂಗಿಲ್ಲ, ಗೋಡೆ ತುಂಬ ಪ್ರಾಣಿಗಳ ದೊಡ್ಡ ದೊಡ್ಡ ಚಿತ್ರ, ಹಾಡು, ಕುಣಿತ. ಆ ತರಗತಿ ಕೋಣೆಲಿ ಸ್ವಲ್ಪ ಹೊತ್ತು ಕೂತ್ಕೊಳ್ಳಿ.

ಆದ್ರೆ ಓವೆನ್‌ನ ದೇವರು ಮಾಡ್ಕೊಂಡು ಬರ್ಬೇಡಿ ಅಂತ ನನ್ನ ಕಡೆಯಿಂದ ಒಂದು ಮಾತು. ಅಲ್ಲೇ ಸೈಲೆಂಟ್ ಮಾನಿಟರ್ ಅಂತ ಪುಟ್ಟ ಮರದ ತುಂಡು ಇಟ್ಟಿದಾರೆ ನೋಡಿ. ನಾಲ್ಕು ಮುಖ, ನಾಲ್ಕು ಬಣ್ಣ, ಕಪ್ಪು ಅಂದ್ರೆ ಕೆಟ್ಟ ಕೆಲ್ಸ, ನೀಲಿ ಸುಮಾರು, ಹಳದಿ ಒಳ್ಳೇದು, ಬಿಳಿ ಅತ್ಯುತ್ತಮ. ಪ್ರತಿಯೊಬ್ಬರ ಯಂತ್ರದ ಪಕ್ಕ ನೇತಾಕಿ, ನಿನ್ನೆ ಹೆಂಗೆ ಕೆಲ್ಸ ಮಾಡಿದ್ರೋ ಆ ಬಣ್ಣ ಎದುರಿಗೆ ತಿರುಗಿಸಿ ಇಡೋದು, ಪುಸ್ತಕದಲ್ಲೂ ಬರ್ಕೊಳೋದು. ಓವೆನ್ ಬೈತಿರ್ಲಿಲ್ಲ ಅನ್ನೋದೇನೋ ನಿಜ, ಸುಮ್ನೆ ಬಂದು ಬಣ್ಣ ನೋಡ್ಕೊಂಡು ಹೋಗ್ತಿದ್ದ. ಐಟಿಲಿ ಅಪ್ರೈಸಲ್ ಸಂಕಟ ಅನುಭವಿಸಿರೋ ಯಾರಿಗೂ ಇದನ್ನ ವಿವರಿಸ್ಬೇಕಾಗಿಲ್ಲ. ಮನೆಗಳಿಗೂ ತಪಾಸಣೆ ಸಮಿತಿ ಬರ್ತಿತ್ತು, ಕ್ಲೀನ್ ಇದ್ಯಾ ಇಲ್ವಾ ಅಂತ, ಹೆಂಗಸ್ರು ಅವರಿಗೆ ಇಟ್ಟ ಅಡ್ಡಹೆಸರು ತಿಗಣೆ ಬೇಟೆಗಾರರು.

ಇನ್ನೂ ಹಿಂದಕ್ಕೆ ಹೋದ್ರೆ ಡೇಲ್ ಕಾಲದ ಲೆಕ್ಕ, 1793ರಲ್ಲಿ 1157 ಕೆಲಸಗಾರರಲ್ಲಿ ಎಂಟುನೂರರ ಹತ್ರ ಮಕ್ಕಳು. ಅನಾಥಾಲಯಗಳಿಂದ ಕರ್ಕೊಂಡು ಬಂದೋರು ಬಹಳ ಜನ, ನಾಲ್ಕನೇ ಗಿರಣಿಲೇ 275 ಮಕ್ಕಳಿಗೆ ವಾಸದ ವ್ಯವಸ್ಥೆ. ಬೆಳಗ್ಗೆ ಆರರಿಂದ ಸಂಜೆ ಏಳರವರೆಗೆ ಕೆಲ್ಸ, ಊಟದ ಬಿಡುವು ಒಂದೂವರೆ ಗಂಟೆ, ಆಮೇಲೆ ಏಳರಿಂದ ಒಂಬತ್ತು ಶಾಲೆ. ಆ ಕಾಲಕ್ಕೆ ಡೇಲ್‌ನ ದಯಾಳು ಮಾಲೀಕ ಅಂತಲೇ ಕರೀತಿದ್ರು, ಬೇರೆ ಕಡೆ ಹೆಂಗಿದ್ದಿರ್ಬೇಕು ಲೆಕ್ಕ ಹಾಕಿ. ಮತ್ತೆ ಹತ್ತಿ ಎಲ್ಲಿಂದ ಬರ್ತಿತ್ತು ಅನ್ನೋದನ್ನೂ ಕೇಳ್ಕೊಳ್ಳಿ, ಕ್ಲೈಡ್ ಕಣಿವೇಲಂತೂ ಹತ್ತಿ ಬೆಳೆಯಲ್ಲ. ವೆಸ್ಟ್ ಇಂಡೀಸ್, ಅಮೆರಿಕದ ದಕ್ಷಿಣದ ತೋಟಗಳಿಂದ ಹಡಗಲ್ಲಿ ಬರ್ತಿತ್ತು, ಬಿಡಿಸ್ತಿದ್ದೋರು ಗುಲಾಮರು. ಹೊಡೆತ ಇಲ್ಲದ ಶಾಲೆ ನಡೆದಿದ್ದು ಆ ಹತ್ತಿ ಲಾಭದಲ್ಲಿ. ಆ ತರಗತಿ ಕೋಣೆಲಿ ಕೂತಾಗ ಇದೂ ತಲೇಲಿರ್ಲಿ.

ಅಂಗಡಿ ಮಾತ್ರ ನಿಜಕ್ಕೂ ಚೆನ್ನಾಗಿರೋ ಐಡಿಯಾ. ಆಗಿನ ಗಿರಣಿ ಊರುಗಳಲ್ಲಿ ಮಾಲೀಕನ ಅಂಗಡೀಲೇ ಕಳಪೆ ಸಾಮಾನು ದುಬಾರಿಗೆ ಕೊಳ್ಬೇಕಿತ್ತು. ಓವೆನ್ ಸಗಟಲ್ಲಿ ಒಳ್ಳೇ ಸಾಮಾನು ತಂದು, ಅಸಲಿಗಿಂತ ಚೂರು ಹೆಚ್ಚಿಗೆ ಮಾರಿ, ಉಳಿದ ಲಾಭ ಶಾಲೆಗೆ ಹಾಕ್ದ. ಸಹಕಾರಿ ಚಳುವಳಿ ಶುರು ಮಾಡಿದ ಇಂಗ್ಲೆಂಡಿನ ರಾಚ್‌ಡೇಲ್ ಊರಿನ ನೇಕಾರರು 1844ರಲ್ಲಿ ಓವೆನ್ ವಿಚಾರಗಳನ್ನ ತಲೇಲಿಟ್ಕೊಂಡೇ ಅಂಗಡಿ ತೆಗೆದಿದ್ದು. ಆ ಹಳೇ ಅಂಗಡಿ ಈಗ್ಲೂ ಇದೆ, ಒಳಗೆ ಹೋಗಿ ನೋಡಿ.

ಕೊನೇಗೆ ಮನೆ. ಕೆಲಸಗಾರರ ಮನೆ ಒಂದನ್ನ 1820ರದ್ದು ಮತ್ತು 1930ರದ್ದು ಅಂತ ಎರಡು ಕಾಲಕ್ಕೆ ಸಜ್ಜು ಮಾಡಿ ಇಟ್ಟಿದಾರೆ. ಒಂದೇ ಕೋಣೆ, ಒಂದು ಸಂಸಾರ. ಗೋಡೆಯೊಳಗೆ ಕೂರ್ಸಿದ ಮಂಚ, ಅದರ ಕೆಳಗೆ ಚಕ್ರ ಇರೋ ಇನ್ನೊಂದು ಮಂಚ, ಹರ್ಲಿ ಅಂತಾರೆ, ರಾತ್ರಿ ಎಳ್ಕೊಂಡು ಮಕ್ಕಳನ್ನ ಮಲಗ್ಸೋದು, ಬೆಳಗ್ಗೆ ತಳ್ಬಿಡೋದು. ಒಳಗೆ ತಣ್ಣೀರಿನ ನಲ್ಲಿ, ಕಕ್ಕಸು ಬಂದಿದ್ದು 1933ರಲ್ಲಿ. ಆದ್ರೆ ಕರೆಂಟು ನೋಡಿ, 1898ಕ್ಕೇ ಬಂದಿತ್ತು, ಗಿರಣಿ ನೀರಿಂದಲೇ ತೆಗೆದಿದ್ದು. ರಾತ್ರಿ ಹತ್ತಕ್ಕೆ ಕಟ್, ಶನಿವಾರ ಮಾತ್ರ ಹನ್ನೊಂದಕ್ಕೆ, 1955ರಲ್ಲಿ ದೇಶದ ಗ್ರಿಡ್‌ಗೆ ಸೇರೋವರೆಗೂ ಹಿಂಗೇ. ಐವತ್ತೇಳು ವರ್ಷ ಇಡೀ ಊರನ್ನ ಗಿರಣಿನೇ ಮಲಗಿಸ್ತು.

ಸಾಲು ಮನೆಗಳ ಹೆಸರು ಓದ್ತಾ ಹೋಗಿ. ಕೇತ್‌ನೆಸ್ ರೋ ಅಂತ ಒಂದಿದೆ, ಉತ್ತರದ ತುದಿ ಕೇತ್‌ನೆಸ್ ಕಡೆಯಿಂದ ನೆಲ ಕಳ್ಕೊಂಡು ಬಂದ ಹೈಲ್ಯಾಂಡ್ ಜನರ ನೆನಪು. 1791ರಲ್ಲಿ ಅಮೆರಿಕಕ್ಕೆ ಹೊರಟಿದ್ದ ವಲಸೆ ಹಡಗೊಂದು ಬಿರುಗಾಳಿಗೆ ಸಿಕ್ಕಿ ಗ್ರೀನಕ್ ಬಂದರಿಗೆ ಬಂದಾಗ ಡೇಲ್ ಅವರನ್ನೂ ಕೆಲ್ಸಕ್ಕೆ ಕರೆದಿದ್ದ. ಹೊಟ್ಟೆಪಾಡಿಗೆ ಊರು ಬಿಟ್ಟೋರೇ ಈ ಊರಿನ ಜನ. ಈಗ್ಲೂ ಈ ಮನೆಗಳಲ್ಲಿ ಸಂಸಾರಗಳಿವೆ, ಮ್ಯೂಸಿಯಂ ಅನ್ಕೊಂಡು ಕಿಟಕೀಲಿ ಇಣುಕ್ಬೇಡಿ, ಬಾಗಿಲಲ್ಲಿ ಫೋಟೋ ತಗೋಬೇಡಿ. 1968ರಲ್ಲಿ ಗಿರಣಿ ಮುಚ್ಚಿದ್ಮೇಲೆ ಒಂದು ಗುಜರಿ ಕಂಪನಿ ಇಲ್ಲಿ ಲೋಹ ಕರಗಿಸ್ತಿತ್ತು, ಚಾವಣಿ ಕುಸೀತಾ ಇತ್ತು, 1974ರಲ್ಲಿ ಟ್ರಸ್ಟ್ ಮಾಡಿ ಒಂದೊಂದೇ ಸಾಲು ರಿಪೇರಿ ಮಾಡಿದ್ದಕ್ಕೆ ಉಳೀತು. ಮೊದಲ್ನೇ ಗಿರಣಿ ಈಗ ಹೋಟೆಲು, ಮೂರನೇ ಗಿರಣಿಲಿ ಟರ್ಬೈನ್ ಇನ್ನೂ ತಿರುಗತ್ತೆ.

ಹೊರಡೋ ಮುಂಚೆ ನೂಲೋ ಯಂತ್ರ ಓಡ್ತಿದ್ರೆ ಹತ್ತು ನಿಮಿಷ ನಿಂತು ನೋಡಿ, ಗಾಡಿ ತರ ಮುಂದೆ ಬಂದು ಎಳೆ ಎಳೆಯತ್ತೆ, ಹಿಂದೆ ಹೋಗಿ ಸುತ್ತತ್ತೆ. ಅದೇ ನೂಲಿನ ಲಡಿ ಅಂಗಡೀಲಿ ಸಿಗತ್ತೆ. ನಮ್ಮತ್ತೆ ಒಂದೆಳೆ ಬೆರಳಲ್ಲಿ ಹೊಸೆದು ನೋಡಿ, "ಇದು ಹತ್ತಿ ಅಲ್ರಿ, ಉಣ್ಣಿ" ಅಂದ್ರು. ಹೌದು, ಈಗ ನೂಲೋದು ಬರೀ ಉಣ್ಣೆ. ಎರಡು ಲಡಿ ತಗೊಂಡ್ರು. ಅಷ್ಟೊತ್ತಿಗೆ ಬಸ್ ಹೋಗಿತ್ತು, ಏರು ಹತ್ತಿದ್ವಿ, ಮೂರು ಕಡೆ ಕೂತು ಸುಧಾರಿಸ್ಕೊಂಡು.