ಚರ್ಮದ ಸ್ಟೆಮ್ ಸೆಲ್‌ಗಳನ್ನು ಹಿಗ್ಗಿಸಿ ನೋಡುವುದು ಹೇಗೆ

ಚರ್ಮವನ್ನು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಆದರೆ ವಾರಗಟ್ಟಲೆ ಎಳೆದೇ ಇಟ್ಟರೆ ಅದು ಬೆಳೆಯುತ್ತದೆ. 1957ರಲ್ಲೇ ನ್ಯೂಮನ್ ಎಂಬ ಸರ್ಜನ್ ಕಿವಿಯನ್ನು ಮತ್ತೆ ಕಟ್ಟುವುದಕ್ಕೆ ಬೇಕಾದ ಚರ್ಮವನ್ನು ಹೀಗೆ ಪಡೆದಿದ್ದರು. ಚರ್ಮದಡಿ ರಬ್ಬರ್ ಬಲೂನ್ ಇಟ್ಟು ನಿಧಾನವಾಗಿ ಊದಿಸಿದ್ದರು. 2020ರಲ್ಲಿ ಬ್ರಸೆಲ್ಸ್‌ನ ಸೆಡ್ರಿಕ್ ಬ್ಲಾನ್‌ಪೆನ್ ಅವರ ತಂಡ ಇಲಿಗಳ ಚರ್ಮದಡಿ ತಾನಾಗಿ ಉಬ್ಬುವ ಜೆಲ್ ಇಟ್ಟು, ಒಂದೊಂದು ಸೆಲ್‌ನ ಸಂತತಿಯನ್ನೂ ಹಿಂಬಾಲಿಸಿತು. ಎಳೆತ ಬಿದ್ದಾಗ ತಳದ ಪದರದ ಸ್ಟೆಮ್ ಸೆಲ್‌ಗಳು (ಚರ್ಮಕ್ಕೆ ಹೊಸ ಸೆಲ್‌ಗಳನ್ನು ಒದಗಿಸುವ ಮೂಲ ಸೆಲ್‌ಗಳು) ಸ್ವಲ್ಪ ಕಾಲ ತಮ್ಮಂಥವನ್ನೇ ಜಾಸ್ತಿ ಹುಟ್ಟಿಸುತ್ತವೆ ಎಂದು ಅದರಿಂದ ತಿಳಿಯಿತು.

ಇದನ್ನೇ ಒಂದು ಪ್ಲೇಟಿನ ಮೇಲೆ, ನಮ್ಮ ಹತೋಟಿಯಲ್ಲಿ ನೋಡಬೇಕು ಅಂದರೆ ಹಿಗ್ಗಿಸುವ ಯಂತ್ರ ಬೇಕು. ನಾನು ಸೆಲ್ ಕಲ್ಚರ್ ಮಾಡುವವಳು. ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಈ ಯಂತ್ರ ಕಲಿಸುವುದು ನನ್ನ ಪಾಲಿನ ಕೆಲಸ, ಇಷ್ಟದ ಕೆಲಸವೂ ಹೌದು. ಎಲ್ಲರಿಗೂ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ಯಂತ್ರ ಎಳೆದದ್ದರಲ್ಲಿ ಸೆಲ್‌ಗೆ ಎಷ್ಟು ತಲುಪಿತು? ಇದಕ್ಕೆ ಉತ್ತರ ಇಲ್ಲದೆ ಮುಂದಿನ ಯಾವ ಚಿತ್ರಕ್ಕೂ, ಯಾವ ಗ್ರಾಫ್‌ಗೂ ಅರ್ಥವಿಲ್ಲ.

ಮೊದಲು ಬರೀ ಹಾಳೆಯನ್ನು ಎಳೆಯಿರಿ

ಸೆಲ್‌ಗಳನ್ನು ಬೆಳೆಸುವುದು ಪಿಡಿಎಂಎಸ್ ಎಂಬ ತೆಳುವಾದ ಸಿಲಿಕೋನ್ ಹಾಳೆಯ ಮೇಲೆ. ಸೆಲ್ ಹಾಕುವ ಮುಂಚೆ ಖಾಲಿ ಹಾಳೆಯನ್ನೇ ಯಂತ್ರಕ್ಕೆ ಸಿಕ್ಕಿಸಿ. ಅದರ ಮೇಲೆ ತುಂಬಾ ಸಣ್ಣ ಚುಕ್ಕೆಗಳಿರಲಿ. ಹೊಳೆಯುವ ಮಣಿಗಳನ್ನು ಅಂಟಿಸಿದರೆ ಇನ್ನೂ ಒಳ್ಳೆಯದು. ಎಳೆಯುವ ಮುಂಚೆ ಒಂದು ಫೋಟೋ, ಎಳೆದ ಮೇಲೆ ಅದೇ ಜಾಗದ ಇನ್ನೊಂದು ಫೋಟೋ. ಎಳೆಯುವ ದಿಕ್ಕಿನಲ್ಲಿ 100 ಮೈಕ್ರಾನ್ ದೂರವಿದ್ದ ಎರಡು ಮಣಿಗಳು 107ಕ್ಕೆ ಹೋಗಿದ್ದರೆ ನಿಮಗೆ ಸಿಕ್ಕಿರುವುದು ಶೇ. 7. ಯಂತ್ರದ ಪರದೆ 10 ಎಂದು ತೋರಿಸುತ್ತಿದ್ದರೂ ನೋಟ್‌ಬುಕ್ಕಿನಲ್ಲಿ 7 ಎಂದೇ ಬರೆಯಿರಿ. ಹಿಡಿಕೆಯ ಹತ್ತಿರ ಹಾಳೆ ಸ್ವಲ್ಪ ಜಾರಿರುತ್ತದೆ, ಅಂಚಿನಲ್ಲಿ ಎಳೆತ ಒಂದು ಥರ, ಮಧ್ಯದಲ್ಲಿ ಇನ್ನೊಂದು ಥರ ಇರುತ್ತದೆ. ಹಾಗಾಗಿ ಮಧ್ಯದ ಸಮನಾದ ಭಾಗವನ್ನು ಗುರುತು ಮಾಡಿಕೊಂಡು, ಮುಂದೆ ಅಲ್ಲಿನ ಸೆಲ್‌ಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಅಡ್ಡ ದಿಕ್ಕಿನಲ್ಲೂ ಅಳೆಯಲೇಬೇಕು. ಪಕ್ಕದ ಅಂಚುಗಳನ್ನು ಹಿಡಿದಿಲ್ಲದ ಹಾಳೆ ಉದ್ದಕ್ಕೆ ಶೇ. 10 ಹಿಗ್ಗಿದಾಗ ಅಗಲದಲ್ಲಿ ಹತ್ತಿರಹತ್ತಿರ ಶೇ. 5 ಕುಗ್ಗುತ್ತದೆ. ಅಂದರೆ ಸೆಲ್ ಒಂದು ಕಡೆ ಎಳೆಸಿಕೊಳ್ಳುತ್ತಾ ಇನ್ನೊಂದು ಕಡೆ ಒತ್ತಿಸಿಕೊಳ್ಳುತ್ತಿದೆ. ಇದು ಬಲೂನಿನ ಮೇಲಿನ ಚರ್ಮಕ್ಕೆ ಆಗುವ ಎಳೆತ ಅಲ್ಲ, ಅಲ್ಲಿ ಎಲ್ಲ ದಿಕ್ಕಿಗೂ ಹಿಗ್ಗುತ್ತದೆ. ನಿಮ್ಮ ಪ್ರಶ್ನೆಗೆ ಯಾವುದು ಹೊಂದುತ್ತದೆ ಅನ್ನುವುದನ್ನು ಈಗಲೇ ತೀರ್ಮಾನ ಮಾಡಿ.

ಹಾಳೆ ಸುಮ್ನೆ ಬಿಟ್ಟರೆ ನೀರನ್ನು ಹತ್ತಿರ ಸೇರಿಸುವುದಿಲ್ಲ, ಸೆಲ್‌ಗಳೂ ಅಂಟುವುದಿಲ್ಲ. ಪ್ಲಾಸ್ಮಾ (ರಕ್ತದ್ದಲ್ಲ, ವಿದ್ಯುತ್ತಿನಿಂದ ಚುರುಕಾದ ಅನಿಲ) ಕೊಟ್ಟು, ಸೆಲ್‌ಗಳು ಅಂಟಿಕೊಳ್ಳುವ ಪ್ರೋಟೀನ್‌ಗಳಾದ ಕಾಲಜನ್ ಅಥವಾ ಫೈಬ್ರೊನೆಕ್ಟಿನ್ ಲೇಪಿಸಿ. ಒಂದೇ ಪ್ರಯೋಗದ ಎಲ್ಲ ಹಾಳೆಗಳಿಗೂ ಒಂದೇ ದಿನ, ಒಂದೇ ಬಾಟಲಿಯಿಂದ ಲೇಪ ಹಾಕಿ.

ಸೆಲ್‌ಗಳ ತಯಾರಿ

ಮನುಷ್ಯನ ಕೆರಟಿನೋಸೈಟ್‌ಗಳನ್ನು (ಚರ್ಮದ ಹೊರಪದರದ ಸೆಲ್‌ಗಳನ್ನು) ದೀರ್ಘಕಾಲ ಬೆಳೆಸುವ ದಾರಿ ತೋರಿಸಿದವರು ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್, 1975ರಲ್ಲಿ. ವಿಭಜನೆ ನಿಲ್ಲಿಸಿದ ಇಲಿಯ 3ಟಿ3 ಸೆಲ್‌ಗಳನ್ನು ಫೀಡರ್ ಆಗಿ, ಅಂದರೆ ಪೋಷಿಸುವ ಸೆಲ್‌ಗಳಾಗಿ, ಕೆಳಗೆ ಹಾಸುವ ಕ್ರಮ ಅವರದೇ. ಇವತ್ತಿಗೂ ಬಹಳ ಒಳ್ಳೆಯ ಕ್ರಮ. ಆದರೆ ಹಿಗ್ಗಿಸುವ ಹಾಳೆಗೆ ಫೀಡರ್‌ಗಳನ್ನು ತರಬೇಡಿ, ಅವೂ ಹಾಳೆಯನ್ನು ಎಳೆಯುತ್ತವೆ. ಮೊದಲು ಅಂಟು ಸಡಿಲಿಸುವ ಇಡಿಟಿಎ ಎಂಬ ರಾಸಾಯನಿಕದಿಂದ ಫೀಡರ್‌ಗಳನ್ನು ತೊಳೆದು ತೆಗೆದು, ಉಳಿದ ಕೆರಟಿನೋಸೈಟ್‌ಗಳನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ಬಿಡಿಸಿಕೊಳ್ಳಿ.

ಮೀಡಿಯಾದ (ಸೆಲ್‌ಗಳನ್ನು ಬೆಳೆಸುವ ಪೋಷಕ ದ್ರವದ) ಚೀಟಿಯನ್ನು ಪೂರ್ತಿ ಓದಿ. ಕೆರಟಿನೋಸೈಟ್‌ಗಳು ಚೆನ್ನಾಗಿ ಬೆಳೆಯಲಿ ಅಂತ ಎಷ್ಟೋ ಕಡೆ ವೈ-27632 ಎಂಬ ರಾಕ್ ಇನ್ಹಿಬಿಟರ್ (ರಾಕ್ ಎಂಬ ಕಿಣ್ವವನ್ನು ತಡೆಯುವ ಔಷಧಿ) ಸೇರಿಸಿರುತ್ತಾರೆ. ಸೆಲ್ ತನ್ನೊಳಗೆ ಬಿಗಿ ಹುಟ್ಟಿಸಿಕೊಳ್ಳುವುದಕ್ಕೆ ಬೇಕಾದ ಕಿಣ್ವವನ್ನೇ ಇದು ತಡೆಯುತ್ತದೆ. ಅದನ್ನು ಹಾಕಿಟ್ಟುಕೊಂಡು ಎಳೆತಕ್ಕೆ ಸೆಲ್ ಏನು ಮಾಡುತ್ತದೆ ಅಂತ ಕೇಳಿದರೆ ಸಿಗುವ ಉತ್ತರ ಆ ಔಷಧಿಯದ್ದಾಗಿರುತ್ತದೆ.

ಕ್ಯಾಲ್ಸಿಯಂ ಎಷ್ಟಿದೆ ಅನ್ನುವುದು ಇದಕ್ಕಿಂತ ದೊಡ್ಡ ವಿಷಯ. 0.05 ಮಿಲಿಮೋಲಾರ್ ಹತ್ತಿರ ಇದ್ದರೆ ಸೆಲ್‌ಗಳು ತಳದ ಪದರದವುಗಳಂತೆ ಉಳಿಯುತ್ತವೆ, ಆದರೆ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಆಗ ಎಳೆತ ಬರುವುದು ಕೆಳಗಿನ ಹಾಳೆಯಿಂದ ಮಾತ್ರ. 1.2ಕ್ಕೆ ಏರಿಸಿದರೆ ಸೆಲ್‌ಗಳನ್ನು ಒಂದಕ್ಕೊಂದು ಬೆಸೆಯುವ ಕ್ಯಾಡ್‌ಹೆರಿನ್ ಜೋಡಣೆಗಳು ಕಟ್ಟಿಕೊಂಡು ಪಕ್ಕದ ಸೆಲ್‌ನಿಂದಲೂ ಬಲ ದಾಟುತ್ತದೆ. ನಿಜವಾದ ಚರ್ಮಕ್ಕೆ ಇದೇ ಹತ್ತಿರ. ಆದರೆ ಕ್ಯಾಲ್ಸಿಯಂ ಏರಿದ್ದೇ ಸೆಲ್‌ಗಳಿಗೆ ಮಾಗುವ, ಅಂದರೆ ವಿಭಜನೆ ಬಿಟ್ಟು ಮೇಲಿನ ಪದರದ ಸೆಲ್ ಆಗುವ, ಸೂಚನೆಯೂ ಸಿಕ್ಕಿರುತ್ತದೆ. ನಾನು ಎರಡೂ ಸ್ಥಿತಿಯಲ್ಲಿ ಮಾಡಿಸುತ್ತೇನೆ. ಒಂದೇ ಮಾಡಲು ಸಾಧ್ಯವಿದ್ದರೆ ಹೆಚ್ಚು ಕ್ಯಾಲ್ಸಿಯಂ ಆರಿಸಿ, ಎಲ್ಲ ಪ್ಲೇಟುಗಳಿಗೂ ಒಂದೇ ಗಳಿಗೆಯಲ್ಲಿ ಬದಲಿಸಿ. ಸೀರಮ್ ಬಳಸುವವರು ನೆನಪಿಡಿ, ಅದರಲ್ಲೂ ಕ್ಯಾಲ್ಸಿಯಂ ಇದೆ.

ಎಳೆಯದ ಪ್ಲೇಟು ಸುಮ್ಮನಿರಬಾರದು

ಹೋಲಿಕೆಗೆ ಇಡುವ ಸೆಲ್‌ಗಳು ಮಾಮೂಲಿ ಪ್ಲಾಸ್ಟಿಕ್ ಡಿಶ್‌ನಲ್ಲಿದ್ದರೆ ಆ ಹೋಲಿಕೆ ನಡೆಯುವುದಿಲ್ಲ. ಅವೂ ಅದೇ ಹಾಳೆಯ ಮೇಲೆ, ಅದೇ ಇನ್ಕ್ಯುಬೇಟರಿನಲ್ಲಿ, ಅದೇ ಮೋಟರಿನ ಬಿಸಿಯ ಪಕ್ಕದಲ್ಲಿರಬೇಕು. ಇನ್ನೊಂದು ಜೊತೆ ಪ್ಲೇಟು ಹಿಗ್ಗದೆ ಹಿಂದಕ್ಕೂ ಮುಂದಕ್ಕೂ ಅಲುಗಾಡಲಿ. ಯಂತ್ರ ಆಡುವಾಗ ಮೀಡಿಯಾ ತುಳುಕುತ್ತದೆ, ತುಳುಕಿದ ನೀರು ಸೆಲ್‌ಗಳ ಮೇಲೆ ಸವರಿಕೊಂಡು ಹೋಗುತ್ತದೆ. ಅದೂ ಒಂದು ಬಲವೇ, ಅಲ್ವಾ? ಅದರ ಪಾಲನ್ನು ಕಳೆದು ನೋಡಲು ಈ ಪ್ಲೇಟು ಬೇಕು.

ಸೆಲ್‌ಗಳ ಸಾಂದ್ರತೆಯೂ ಎರಡೂ ಕಡೆ ಒಂದೇ ಇರಲಿ. ಯಾಪ್ ಎಂಬ ಪ್ರೋಟೀನ್ ಸೆಲ್ ಹರಡಿಕೊಂಡು ಬಿಗಿಯಾಗಿದ್ದಾಗ ನ್ಯೂಕ್ಲಿಯಸ್ ಒಳಗೆ ಹೋಗುತ್ತದೆ, ಇಕ್ಕಟ್ಟಾದಾಗ ಹೊರಗೆ ಬರುತ್ತದೆ. ಒಂದು ಪ್ಲೇಟಿನಲ್ಲಿ ಸೆಲ್‌ಗಳು ವಿರಳ, ಇನ್ನೊಂದರಲ್ಲಿ ಒತ್ತೊತ್ತು ಇದ್ದರೆ ಎಳೆಯದೆಯೇ ನಿಮಗೆ ಚೆಂದದ ವ್ಯತ್ಯಾಸ ಕಾಣಿಸುತ್ತದೆ. ಯಾಪ್ ಚಿತ್ರ ತೆಗೆದ ಪ್ರತಿ ಜಾಗದಲ್ಲೂ ನ್ಯೂಕ್ಲಿಯಸ್‌ಗಳನ್ನು ಎಣಿಸಿ, ಸಂಖ್ಯೆಯನ್ನು ಚಿತ್ರದ ಜೊತೆಗೇ ಇಡಿ.

ಯಾವಾಗ ಏನು ನೋಡಬೇಕು

ಮೊದಲ ಸೆಕೆಂಡುಗಳಲ್ಲಿ, ನಿಮಿಷಗಳಲ್ಲಿ ಕ್ಯಾಲ್ಸಿಯಂ ಒಳಗೆ ನುಗ್ಗುವುದನ್ನು ನೋಡಬಹುದು. ಅದರ ಬಾಗಿಲುಗಳಲ್ಲಿ ಒಂದು ಪಿಯೆಝೋ-1. 2010ರಲ್ಲಿ ಆರ್ಡೆಮ್ ಪಟಪೌಟಿಯನ್ ಅವರ ಲ್ಯಾಬ್ ಕಂಡುಹಿಡಿದ ಈ ಚಾನೆಲ್‌ಗೆ 2021ರ ನೊಬೆಲ್ ಗೌರವದಲ್ಲೂ ಪಾಲಿತ್ತು. ಆಮೇಲಿನ ಗಂಟೆಗಳಲ್ಲಿ ಯಾಪ್, ಸೆಲ್‌ನ ಒಳಚೌಕಟ್ಟಾದ ಆಕ್ಟಿನ್ ಎಳೆಗಳು, ನ್ಯೂಕ್ಲಿಯಸ್‌ನ ಆಕಾರ. ವಿಭಜನೆ ನೋಡಲು ಒಂದೆರಡು ದಿನ ಬೇಕು.

ಈ ಮಧ್ಯದ ಗಂಟೆಗಳ ಬಗ್ಗೆ ನನಗೆ ವಿಶೇಷ ಪ್ರೀತಿ. 2020ರಲ್ಲಿ ಸಾರಾ ವಿಕ್‌ಸ್ಟ್ರಾಮ್ ಅವರ ತಂಡ ಚರ್ಮದ ಸ್ಟೆಮ್ ಸೆಲ್‌ಗಳನ್ನು ಜೋರಾಗಿ, ಮತ್ತೆ ಮತ್ತೆ ಹಿಗ್ಗಿಸಿ ನೋಡಿತು. ಸೆಲ್‌ಗಳು ಮೊದಲು ತಮ್ಮ ನ್ಯೂಕ್ಲಿಯಸ್ ಅನ್ನೇ ಮೆತ್ತಗೆ ಮಾಡಿಕೊಂಡವು. ಬಿಗಿಯಾಗಿ ಸುತ್ತಿಕೊಂಡಿದ್ದ ಕ್ರೊಮಾಟಿನ್ (ಡಿಎನ್‌ಎ ಮತ್ತು ಪ್ರೋಟೀನ್‌ಗಳ ಸುರುಳಿ) ಸಡಿಲವಾಯಿತು, ಡಿಎನ್‌ಎಗೆ ಪೆಟ್ಟು ತಪ್ಪಿತು. ಎಳೆತ ನಿಲ್ಲದೇ ಮುಂದುವರಿದಾಗ ಇಡೀ ಪದರ ತಿರುಗಿ ಎಳೆತಕ್ಕೆ ಅಡ್ಡಡ್ಡ ಮಲಗಿತು. ಹಾಗೆ ಮಲಗಿದರೆ ಸೆಲ್‌ನ ಉದ್ದಕ್ಕೆ ಬೀಳುವ ಎಳೆತ ಕಡಿಮೆ. ಕ್ರೊಮಾಟಿನ್ ಮತ್ತೆ ಮೊದಲಿನ ಸ್ಥಿತಿಗೆ ಬಂತು.

ನಿಮ್ಮ ಪ್ರಯೋಗದಲ್ಲಿ ಇದರ ಪರಿಣಾಮ ಏನು ಅಂದರೆ, ಶುರುವಿನಲ್ಲಿ ತಲುಪುತ್ತಿದ್ದ ಎಳೆತ ಕೊನೆಯಲ್ಲಿ ತಲುಪುತ್ತಿಲ್ಲ. ಯಂತ್ರ ಅಷ್ಟೇ ಎಳೆಯುತ್ತಿದೆ, ಸೆಲ್ ತನ್ನ ಪಾಲನ್ನು ಇಳಿಸಿಕೊಂಡಿದೆ. ಆದ್ದರಿಂದ ಕೊನೆಯಲ್ಲಿ ಒಂದೇ ಸಲ ನೋಡಿ ‘ಏನೂ ಬದಲಾಗಿಲ್ಲ’ ಎಂದು ಬರೆಯಬೇಡಿ. ಅರ್ಧ ಗಂಟೆ, ಕೆಲವು ಗಂಟೆ, ಒಂದು ದಿನ, ಹೀಗೆ ಬೇರೆಬೇರೆ ಪ್ಲೇಟುಗಳನ್ನು ನಿಲ್ಲಿಸಿ. ಪ್ರತಿಯೊಂದರಲ್ಲೂ ಸೆಲ್‌ಗಳು ಯಾವ ಕೋನಕ್ಕೆ ತಿರುಗಿವೆ ಅಂತ ಅಳೆಯಿರಿ.

ಔಷಧಿ ಹಾಕಿ ಬಲದ ದಾರಿಯನ್ನು ಕತ್ತರಿಸಿ ನೋಡುವವರಿಗೆ ಒಂದು ಮಾತು. ಎಣ್ಣೆಯ ಗುಣದ ಸಣ್ಣ ಅಣುಗಳನ್ನು ಪಿಡಿಎಂಎಸ್ ಹೀರಿಕೊಳ್ಳುತ್ತದೆ. ಬಾಟಲಿಯಲ್ಲಿ ಲೆಕ್ಕ ಹಾಕಿದಷ್ಟು ಔಷಧಿ ಸೆಲ್‌ಗೆ ಸಿಗದೇ ಹೋಗಬಹುದು. ಪರಿಣಾಮ ಕಂಡಿತೋ ಇಲ್ಲವೋ ಎಂಬುದಕ್ಕೆ ಮಯೋಸಿನ್ (ಆಕ್ಟಿನ್ ಎಳೆಗಳನ್ನು ಎಳೆಯುವ ಪ್ರೋಟೀನ್) ಅಥವಾ ಆಕ್ಟಿನ್ ಬಣ್ಣ ಹಾಕಿ, ಹಾಳೆಯ ಮೇಲೆಯೇ ಪರೀಕ್ಷೆ ಮಾಡಿಕೊಳ್ಳಿ. ಮಯೋಸಿನ್ ಅನ್ನು ತಡೆಯುವ ಬ್ಲೆಬಿಸ್ಟಾಟಿನ್ ಹಾಕಿದ ಪ್ಲೇಟಿಗೆ ನೀಲಿ ಬೆಳಕು ಬೀಳಬಾರದು, ಬಿದ್ದರೆ ಆ ಔಷಧಿ ಸೆಲ್‌ಗಳಿಗೆ ವಿಷವಾಗುತ್ತದೆ.

ಯಂತ್ರ ಇಲ್ಲದಿದ್ದರೆ

ಹಿಗ್ಗಿಸದೆಯೂ ಈ ವಿಷಯ ಕೇಳಬಹುದು. ಫಿಯೋನಾ ವಾಟ್ ಮತ್ತು ಸಂಗಡಿಗರು 1988ರಲ್ಲೇ ಸೆಲ್‌ಗಳನ್ನು ಸಣ್ಣ ಸಣ್ಣ ಅಂಟುವ ದ್ವೀಪಗಳ ಮೇಲೆ ಕೂರಿಸಿದ್ದರು. ಹರಡಲು ಜಾಗ ಸಿಗದೆ ಗುಂಡಗೇ ಉಳಿದ ಸೆಲ್‌ಗಳು ಬೇಗ ಮಾಗಿದವು. 2010ರಲ್ಲಿ ಅದೇ ಲ್ಯಾಬಿನಿಂದ ಬಂದ ಕೆಲಸದಲ್ಲಿ 20 ಮೈಕ್ರಾನ್ ಅಗಲದ ದ್ವೀಪದ ಸೆಲ್‌ಗಳು ಒಂದೇ ದಿನದಲ್ಲಿ ಇನ್ವೊಲುಕ್ರಿನ್ (ಮಾಗುವ ಸೆಲ್‌ಗಳ ಗುರುತಿನ ಪ್ರೋಟೀನ್) ತೋರಿಸಿದವು, 50 ಮೈಕ್ರಾನ್ ದ್ವೀಪದಲ್ಲಿ ಹರಡಿದವು ಹಾಗೆ ಮಾಡಿದ್ದು ಕಡಿಮೆ. ಅಚ್ಚು ಒತ್ತಲು ಬಂದರೆ ಸಾಕು, ಮೋಟರ್ ಬೇಡ. ಯಂತ್ರ ಇದ್ದವರೂ ಇದನ್ನು ಮಾಡಿ ಅನ್ನುತ್ತೇನೆ. ಇಲ್ಲಿ ತುಳುಕುವ ನೀರಿಲ್ಲ, ಪಕ್ಕದ ಸೆಲ್ ಇಲ್ಲ. ಎರಡೂ ದಾರಿಯಲ್ಲಿ ಒಂದೇ ಉತ್ತರ ಬಂದರೆ ನಂಬಿಕೆ ಗಟ್ಟಿಯಾಗುತ್ತದೆ.

ಸ್ಟೆಮ್ ಸೆಲ್ ಎಂದು ಬರೆಯುವ ಮುಂಚೆ

ತಳದ ಪದರದ ಗುರುತಾದ ಕೆರಟಿನ್ 14 ಇದೆ, ಮಾಗುವ ಸೆಲ್‌ಗಳ ಗುರುತಾದ ಕೆರಟಿನ್ 10 ಇಲ್ಲ ಅಂದರೆ ಅದು ತಳದ ಪದರದ ಥರದ ಸೆಲ್, ಅಷ್ಟೇ. ಅದು ಸ್ಟೆಮ್ ಸೆಲ್ ಎಂದು ಬಣ್ಣವೊಂದೇ ಹೇಳಲಾರದು. ಜೊತೆಗೆ ಇಲ್ಲಿ ಎಣಿಕೆಯನ್ನೇ ತಿರುಗಿಸುವ ಒಂದು ಸಂಗತಿ ಇದೆ. ಮಾಗಿದ ಸೆಲ್‌ಗಳು ಹಾಳೆಯನ್ನು ಸಡಿಲವಾಗಿ ಹಿಡಿದಿರುತ್ತವೆ, ಎಳೆದಾಗ ಅವೇ ಮೊದಲು ಕಳಚಿಕೊಳ್ಳುತ್ತವೆ. ಉಳಿದವನ್ನಷ್ಟೇ ಎಣಿಸಿದರೆ ಎಳೆತದಿಂದ ಸ್ಟೆಮ್ ಸೆಲ್ ಜಾಸ್ತಿಯಾಯಿತು ಅಂತ ಕಾಣಿಸುತ್ತದೆ. ಅದಕ್ಕೇ ಮೀಡಿಯಾವನ್ನು ಚೆಲ್ಲಬೇಡಿ. ಸೆಂಟ್ರಿಫ್ಯೂಜ್ ಮಾಡಿ, ತೇಲಿಹೋದ ಸೆಲ್‌ಗಳನ್ನೂ ಎಣಿಸಿ, ಅವುಗಳಿಗೂ ಇನ್ವೊಲುಕ್ರಿನ್ ಬಣ್ಣ ಹಾಕಿ.

ಕೊನೆಯ ಪರೀಕ್ಷೆ ಕಾಲೊನಿ. ಎಳೆದ ಪ್ಲೇಟು, ಅಲುಗಾಡಿದ ಪ್ಲೇಟು, ಸುಮ್ಮನಿದ್ದ ಪ್ಲೇಟು, ಮೂರರಿಂದಲೂ ಸೆಲ್‌ಗಳನ್ನು ಬಿಡಿಸಿ, ಬಹಳ ವಿರಳವಾಗಿ ಹೊಸ ಫೀಡರ್ ಮೇಲೆ ಹಾಕಿ. ಸುಮಾರು 12 ದಿನ ಬಿಟ್ಟು ರೋಡಮೀನ್ ಬಣ್ಣದಲ್ಲಿ ಅದ್ದಿ. ದೊಡ್ಡದಾಗಿ, ನಯವಾದ ಅಂಚಿನಿಂದ ಬೆಳೆದ ಕಾಲೊನಿಗಳು ಒಂದು ಗುಂಪು. ಸಣ್ಣಗೆ, ಅಂಕುಡೊಂಕಾಗಿ ನಿಂತುಹೋದವು ಇನ್ನೊಂದು ಗುಂಪು. ಯಾನ್ ಬರಾಂಡನ್ ಮತ್ತು ಗ್ರೀನ್ 1987ರಲ್ಲಿ ಒಂದೊಂದೇ ಸೆಲ್‌ನಿಂದ ಬೆಳೆಸಿ ಹೋಲೋಕ್ಲೋನ್ (ಬಹಳ ಬೆಳೆಯಬಲ್ಲದ್ದು), ಮೆರೋಕ್ಲೋನ್ (ನಡುವಿನದು), ಪ್ಯಾರಾಕ್ಲೋನ್ (ಬೇಗ ನಿಂತುಹೋಗುವುದು) ಎಂದು ವಿಂಗಡಿಸಿದ್ದು ಈ ಬಗೆಯ ಕಾಲೊನಿಗಳನ್ನು ನೋಡಿಯೇ. ಎಣಿಸುವವರಿಗೆ ಯಾವ ಡಿಶ್ ಯಾವ ಪ್ಲೇಟಿನದು ಅಂತ ಗೊತ್ತಿರಬಾರದು. ಹಣೆಪಟ್ಟಿಯ ಮೇಲೆ ಬರೀ ಸಂಖ್ಯೆ ಬರೆದು, ಪಕ್ಕದ ಬೆಂಚಿನವರ ಕೈಗೆ ಕೊಡಿ.