ಸಂಪರ್ಕ ಸುರಕ್ಷಿತವಲ್ಲ ಎಂದು ಬ್ರೌಸರ್ ತಡೆದಾಗ: ದೋಷವನ್ನು ಹುಡುಕುವ ಕ್ರಮ

ಕಾಸರಗೋಡಿನ ವಾಚನಾಲಯಗಳು, ಯಕ್ಷಗಾನ ಸಂಘಗಳು, ಸೇವಾ ಸಹಕಾರಿ ಸಂಘಗಳು, ಕನ್ನಡ ಮಾಧ್ಯಮ ಶಾಲೆಗಳು ಜಾಲತಾಣ ಮಾಡಿಸಿಕೊಳ್ಳುವಾಗ, ಮುಂದೆ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಹೆಚ್ಚಾಗಿ ಏಳುವುದಿಲ್ಲ. ಗಣಕ ಬಲ್ಲ ಒಬ್ಬ ಅಧ್ಯಾಪಕರ ಪಾಲಿಗೋ ಸಂಘದ ಉತ್ಸಾಹಿ ಯುವಕನ ಪಾಲಿಗೋ ಆ ಕೆಲಸ ತಾನಾಗಿ ಬಂದು ಬೀಳುತ್ತದೆ. 'ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ' ಎಂಬ ಎಚ್ಚರಿಕೆ ತೆರೆಯ ಮೇಲೆ ಕಂಡ ದಿನ ಅವರು ಮಾಡುವುದು ಸಾಮಾನ್ಯವಾಗಿ ಎರಡರಲ್ಲಿ ಒಂದು: 'ಪರವಾಗಿಲ್ಲ, ಮುಂದುವರಿಯಿರಿ' ಎಂದು ಬಂದವರಿಗೆ ಹೇಳುವುದು, ಇಲ್ಲವೇ ಇದ್ದ ಕೀಲಿ, ಪ್ರಮಾಣಪತ್ರಗಳನ್ನೆಲ್ಲ ಅಳಿಸಿ ಹೊಸದನ್ನು ತರಿಸುವುದು. ಎರಡೂ ಸರಿಯಲ್ಲ. ಮೊದಲನೆಯದು ಜನರಿಗೆ ಕೆಟ್ಟ ಅಭ್ಯಾಸ ಕಲಿಸುತ್ತದೆ. ಎರಡನೆಯದು ದೋಷದ ಗುರುತನ್ನೇ ಅಳಿಸಿಹಾಕುತ್ತದೆ.

ಪ್ರಮಾಣಪತ್ರ ಎಂಬುದು ಒಂದು ಸಣ್ಣ ಕಡತ. ಜಾಲತಾಣದ ಹೆಸರು, ಅದರ ಸಾರ್ವಜನಿಕ ಕೀಲಿ (ಯಾರಿಗೂ ತೋರಿಸಬಹುದಾದ ಗುಪ್ತಲಿಪಿಯ ಸಂಖ್ಯೆ), ಎಂದಿನಿಂದ ಎಂದಿನವರೆಗೆ ಊರ್ಜಿತ ಎಂಬ ಎರಡು ದಿನಾಂಕಗಳು ಮತ್ತು ಅದನ್ನು ಕೊಟ್ಟ ಸಂಸ್ಥೆಯ ಸಹಿ ಅದರಲ್ಲಿರುತ್ತವೆ. ಇದಕ್ಕೆ ಜೋಡಿಯಾದ ಖಾಸಗಿ ಕೀಲಿ ಸರ್ವರಿನಲ್ಲಿಯೇ ಇರುತ್ತದೆ, ಹೊರಗೆ ಹೋಗುವುದಿಲ್ಲ. ಬ್ರೌಸರ್ ಪರೀಕ್ಷಿಸುವುದು ಮುಖ್ಯವಾಗಿ ನಾಲ್ಕು ವಿಷಯಗಳನ್ನು: ಅವಧಿ ಸರಿಯಿದೆಯೇ, ಹೆಸರು ಹೊಂದುತ್ತದೆಯೇ, ಸಹಿ ಮಾಡಿದವರನ್ನು ನಂಬಬಹುದೇ, ಜೋಡಿ ಕೀಲಿ ಆ ಸರ್ವರಿನ ಬಳಿ ನಿಜವಾಗಿಯೂ ಇದೆಯೇ. ಆದ್ದರಿಂದ ಎಚ್ಚರಿಕೆಯ ಪುಟದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಬರುವ ಕೋಡನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಅದರಲ್ಲಿ 'ಡೇಟ್ ಇನ್‌ವ್ಯಾಲಿಡ್' ಎಂದಿದ್ದರೆ ಅವಧಿಯ ದೋಷ, 'ಕಾಮನ್ ನೇಮ್ ಇನ್‌ವ್ಯಾಲಿಡ್' ಎಂದಿದ್ದರೆ ಹೆಸರಿನ ದೋಷ, 'ಅಥಾರಿಟಿ ಇನ್‌ವ್ಯಾಲಿಡ್' ಎಂದಿದ್ದರೆ ನಂಬಿಕೆಯ ದೋಷ. ವಿಳಾಸದ ಪಕ್ಕದ ಬೀಗದ ಚಿತ್ರವನ್ನು ಹುಡುಕುತ್ತಾ ಕೂರುವುದರಿಂದ ಪ್ರಯೋಜನವಿಲ್ಲ. ಕ್ರೋಮ್ ಅದನ್ನು 2023ರಲ್ಲಿಯೇ ತೆಗೆದುಹಾಕಿದೆ.

ದೋಷ ನಮ್ಮಲ್ಲೋ, ಜಾಲತಾಣದಲ್ಲೋ?

ಅದೇ ಪುಟವನ್ನು ಇನ್ನೊಂದು ಮೊಬೈಲಿನಲ್ಲಿ, ಬೇರೆ ಕಂಪನಿಯ ಡೇಟಾ ಬಳಸಿ ತೆರೆದು ನೋಡುವುದು ಮೊದಲ ಹೆಜ್ಜೆ. ಅಲ್ಲಿ ಸರಿಯಾಗಿ ತೆರೆದರೆ ಸರ್ವರನ್ನು ಮುಟ್ಟುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ, ದೋಷ ನಮ್ಮ ಯಂತ್ರದಲ್ಲಿ ಅಥವಾ ನಮ್ಮ ನೆಟ್‌ವರ್ಕಿನಲ್ಲಿ ಇರುತ್ತದೆ.

ನಮ್ಮ ಕಡೆಯ ದೋಷಗಳಲ್ಲಿ ಅತಿ ಸಾಮಾನ್ಯವಾದುದು ಗಡಿಯಾರದ್ದು. ಮಳೆಗಾಲದಲ್ಲಿ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಕರೆಂಟು ಹೋಗಿ ಬರುವುದು ಹೊಸತಲ್ಲ. ಹಳೆಯ ಗಣಕದ ಮದರ್‌ಬೋರ್ಡಿನಲ್ಲಿ ಸಿಆರ್ 2032 ಎಂಬ, ನಾಣ್ಯದಂತೆ ಚಪ್ಪಟೆಯಾದ 3 ವೋಲ್ಟಿನ ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ಅದು ಸೋತಿದ್ದರೆ ಗಣಕ ಮತ್ತೆ ಆನ್ ಆದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ಆಗ ಆ ಗಣಕದ ಲೆಕ್ಕದಲ್ಲಿ ಇಂದಿನ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟಿಯೇ ಇಲ್ಲ. ಒಂದು ಜಾಲತಾಣವಲ್ಲ, ಜಿಮೇಲ್, ಬ್ಯಾಂಕ್, ಪತ್ರಿಕೆ ಎಲ್ಲವೂ ಒಟ್ಟಿಗೆ ತಡೆಯಲ್ಪಡುವುದು ಇದರ ಸ್ಪಷ್ಟ ಲಕ್ಷಣ. ದಿನಾಂಕ, ಸಮಯದ ಜೊತೆಗೆ ಟೈಮ್ ಝೋನ್ ಭಾರತದ್ದೇ ಇದೆಯೇ ಎಂದು ನೋಡಿ, ಸಮಯವನ್ನು ಇಂಟರ್‌ನೆಟ್ಟಿನಿಂದ ತಾನಾಗಿ ಪಡೆಯುವ ಆಯ್ಕೆಯನ್ನು ಆನ್ ಮಾಡಿ, ಬ್ಯಾಟರಿಯನ್ನು ಬದಲಾಯಿಸಿ. ವಿಂಡೋಸನ್ನು ಹೊಸದಾಗಿ ಹಾಕಿಸಿದರೆ ಈ ಕಾಯಿಲೆ ಮುಂದಿನ ಕರೆಂಟು ಕಡಿತದವರೆಗೆ ಮಾತ್ರ ಅಡಗಿರುತ್ತದೆ.

ಗಡಿಯಾರ ಸರಿಯಿದ್ದು ನಿರ್ದಿಷ್ಟ ವೈಫೈಯಲ್ಲಿ ಮಾತ್ರ ತೊಂದರೆಯಾದರೆ, ಆ ವೈಫೈ ಲಾಗಿನ್ ಪುಟವನ್ನು ತೋರಿಸಲು ನಡುವೆ ಬಾಯಿ ಹಾಕುತ್ತಿರಬಹುದು. ಮೊದಲು ಅದರ ಲಾಗಿನ್ ಮುಗಿಸಬೇಕು. ಕೆಲವು ಆಂಟಿವೈರಸ್‌ಗಳು ಸುರಕ್ಷಿತ ಸಂಪರ್ಕವನ್ನು ನಡುವೆ ಬಿಡಿಸಿ ನೋಡಿ, ತಮ್ಮದೇ ಪ್ರಮಾಣಪತ್ರ ಅಂಟಿಸಿ ಮುಂದೆ ಕಳುಹಿಸುತ್ತವೆ. ಎಚ್ಚರಿಕೆಯ ಪುಟದಿಂದಲೇ ಪ್ರಮಾಣಪತ್ರವನ್ನು ತೆರೆದು, ಕೊಟ್ಟವರ ಹೆಸರಿನಲ್ಲಿ ಆಂಟಿವೈರಸ್ಸಿನ ಹೆಸರಿದೆಯೇ ಎಂದು ನೋಡಿದರೆ ಇದು ಗೊತ್ತಾಗುತ್ತದೆ. ಈ ಎರಡೂ ಅಲ್ಲ, ಕೊಟ್ಟವರ ಹೆಸರು ಯಾರದೆಂದು ತಿಳಿಯುವುದಿಲ್ಲ ಎಂದಾದರೆ ಆ ನೆಟ್‌ವರ್ಕಿನಲ್ಲಿ ಪಾಸ್‌ವರ್ಡ್, ಒಟಿಪಿ ಯಾವುದನ್ನೂ ಹಾಕಬಾರದು.

ಇನ್ನೊಂದು ಮಾತು. ಜಿಎಸ್‌ಟಿ, ಇ-ಟೆಂಡರ್ ಮೊದಲಾದ ಕೆಲಸಗಳಿಗೆ ಬಳಸುವ ಯುಎಸ್‌ಬಿ ಟೋಕನ್ನಿನ ಡಿಜಿಟಲ್ ಸಹಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಡಿಯಲ್ಲಿ ವ್ಯಕ್ತಿಗೆ ಕೊಡುವ ಪ್ರಮಾಣಪತ್ರ. ಅದರ ದೋಷ ಹೆಚ್ಚಾಗಿ ಟೋಕನ್ನಿನ ಡ್ರೈವರಿನದ್ದು ಅಥವಾ ಅವಧಿಯದ್ದು. ಜಾಲತಾಣದ ಪ್ರಮಾಣಪತ್ರದೊಂದಿಗೆ ಅದನ್ನು ಬೆರೆಸಿ ನೋಡಬಾರದು.

ಸರ್ವರಿನ ಕಡೆಗೆ

ಎಲ್ಲರಿಗೂ ಎಚ್ಚರಿಕೆ ಕಾಣುತ್ತಿದ್ದರೆ ಸರ್ವರನ್ನು ನೋಡಬೇಕು. ಇದಕ್ಕೆ ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಕೇರಳದ ಶಾಲೆಗಳಲ್ಲಿ ಶಾಲಾ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆಯಾದ ಕೈಟ್‌ನ ಲಿನಕ್ಸ್ ಬಳಕೆಯಲ್ಲಿರುವುದರಿಂದ ನಮ್ಮ ಅಧ್ಯಾಪಕರಿಗೆ ಟರ್ಮಿನಲ್ (ಆಜ್ಞೆಗಳನ್ನು ಬರೆದು ಕೊಡುವ ಕಿಟಕಿ) ಹೊಸದೇನಲ್ಲ. ಅದರಲ್ಲಿ ಓಪನ್‌ಎಸ್‌ಎಸ್‌ಎಲ್‌ನ 'ಎಸ್ ಅಂಡರ್‌ಸ್ಕೋರ್ ಕ್ಲೈಂಟ್' ಎಂಬ ಆಜ್ಞೆಯನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆದು, 'ಕನೆಕ್ಟ್' ಆಯ್ಕೆಗೆ ಜಾಲತಾಣದ ಹೆಸರು ಮತ್ತು 443 ಎಂಬ ಪೋರ್ಟ್ ಸಂಖ್ಯೆಯನ್ನೂ, 'ಸರ್ವರ್‌ನೇಮ್' ಆಯ್ಕೆಗೆ ಅದೇ ಹೆಸರನ್ನೂ ಕೊಡಬೇಕು. ಒಂದೇ ಸರ್ವರಿನಲ್ಲಿ ಹತ್ತಾರು ತಾಣಗಳಿರುವುದರಿಂದ, ಈ ಸಾಫ್ಟ್‌ವೇರಿನ ಹಳೆಯ ಆವೃತ್ತಿಗಳಲ್ಲಿ ಈ ಎರಡನೆಯ ಆಯ್ಕೆಯನ್ನು ಬಿಟ್ಟರೆ ಬೇರೆಯವರ ಪ್ರಮಾಣಪತ್ರ ಎದುರಿಗೆ ಬಂದು ದಾರಿ ತಪ್ಪಿಸಬಹುದು.

ಉತ್ತರದಲ್ಲಿ 'ವೆರಿಫೈ ರಿಟರ್ನ್ ಕೋಡ್' ಎಂಬ ಸಾಲನ್ನು ನೋಡಿ. 0 ಇದ್ದರೆ ಅವಧಿ ಮತ್ತು ನಂಬಿಕೆ ಎರಡೂ ಸರಿ. 10 ಇದ್ದರೆ ಅವಧಿ ಮುಗಿದಿದೆ. 18 ಇದ್ದರೆ ತಾಣವೇ ತನಗೆ ತಾನು ಸಹಿ ಮಾಡಿಕೊಂಡ ಪ್ರಮಾಣಪತ್ರ. 20 ಅಥವಾ 21 ಇದ್ದರೆ ಹೆಚ್ಚಾಗಿ ನಡುವಿನ ಕೊಂಡಿ (ಮುಂದೆ ವಿವರಿಸಿದ ಮಧ್ಯಂತರ ಪ್ರಮಾಣಪತ್ರ) ಕಾಣೆಯಾಗಿದೆ. ಒಂದು ಎಚ್ಚರ: ಈ ಆಜ್ಞೆ ಹೆಸರನ್ನು ತಾನಾಗಿ ಹೋಲಿಸಿ ನೋಡುವುದಿಲ್ಲ, ಆದುದರಿಂದ 0 ಬಂದಿತೆಂದು ಹೆಸರಿನ ದೋಷ ಇಲ್ಲವೆಂದು ತಿಳಿಯಬಾರದು.

ಹೆಸರಿನ ದೋಷ ಸಾಮಾನ್ಯವಾಗಿ 'ಡಬ್ಲ್ಯುಡಬ್ಲ್ಯುಡಬ್ಲ್ಯು' ಇರುವ ಮತ್ತು ಇಲ್ಲದ ಎರಡು ರೂಪಗಳಲ್ಲಿ ಒಂದನ್ನು ಮಾತ್ರ ಪ್ರಮಾಣಪತ್ರಕ್ಕೆ ಸೇರಿಸಿದ್ದರಿಂದ ಬರುತ್ತದೆ. ಬ್ರೌಸರುಗಳು ಈಗ ನೋಡುವುದು ಪರ್ಯಾಯ ಹೆಸರುಗಳ ಪಟ್ಟಿಯನ್ನು ಮಾತ್ರ. 'ಕಾಮನ್ ನೇಮ್' ಎಂಬ ಹಳೆಯ ಜಾಗವನ್ನು ಕ್ರೋಮ್ 2017ರಿಂದ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಕನ್ನಡ ಲಿಪಿಯ '.ಭಾರತ' ಡೊಮೇನ್ ತೆಗೆದುಕೊಂಡವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಪ್ರಮಾಣಪತ್ರದೊಳಗೆ ಕನ್ನಡ ಅಕ್ಷರಗಳು ಹೋಗುವುದಿಲ್ಲ. ಆ ಹೆಸರು 'ಎಕ್ಸ್ ಎನ್' ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ, ಇಂಗ್ಲಿಷ್ ಅಕ್ಷರಗಳ ಪ್ಯೂನಿಕೋಡ್ ರೂಪದಲ್ಲಿ ಹೋಗುತ್ತದೆ. ಅರ್ಜಿಯಲ್ಲಿಯೂ ಸರ್ವರಿನ ಸಂರಚನೆಯಲ್ಲಿಯೂ ಆ ರೂಪ ಅಕ್ಷರ ತಪ್ಪದೆ ಒಂದೇ ಆಗಿರಬೇಕು.

ಕಾಣೆಯಾದ ಕೊಂಡಿ

ಅತಿ ಹೆಚ್ಚು ಸಮಯ ತಿನ್ನುವ ದೋಷ ಇದು, ಏಕೆಂದರೆ ಇದು ಒಬ್ಬರಿಗೆ ಕಾಣುತ್ತದೆ, ಇನ್ನೊಬ್ಬರಿಗೆ ಕಾಣುವುದಿಲ್ಲ. ಬ್ರೌಸರ್ ನಂಬುವುದು ತನ್ನಲ್ಲಿ ಮೊದಲೇ ಇರುವ ಮೂಲ ಪ್ರಮಾಣಪತ್ರಗಳನ್ನು. ಮೂಲ ಸಂಸ್ಥೆ ನೇರವಾಗಿ ನಮ್ಮ ತಾಣಕ್ಕೆ ಸಹಿ ಮಾಡುವುದಿಲ್ಲ, ನಡುವೆ ಒಂದು ಮಧ್ಯಂತರ ಪ್ರಮಾಣಪತ್ರ ಇರುತ್ತದೆ, ಮತ್ತು ಅದನ್ನು ನಮ್ಮ ಸರ್ವರೇ ತನ್ನದರ ಜೊತೆಗೆ ಕಳುಹಿಸಬೇಕು. ಕಳುಹಿಸದಿದ್ದರೂ ಗಣಕದ ಕ್ರೋಮ್ ಅದನ್ನು ತಾನೇ ಹುಡುಕಿ ತರಿಸಿಕೊಳ್ಳುತ್ತದೆ. ಮೊಬೈಲ್ ಆ್ಯಪ್‌ಗಳು, ಟರ್ಮಿನಲ್ಲಿನಿಂದ ಪುಟ ತರಿಸುವ ಕರ್ಲ್‌ನಂತಹ ಸಾಧನಗಳು ಹಾಗೆ ಮಾಡುವುದಿಲ್ಲ. ಹೀಗಾಗಿ ಕಾರ್ಯದರ್ಶಿಯವರ ಮೇಜಿನ ಗಣಕದಲ್ಲಿ ಎಲ್ಲವೂ ಸರಿ, ಸದಸ್ಯರ ಮೊಬೈಲಿನ ಆ್ಯಪ್ ಮಾತ್ರ ತೆರೆಯುವುದಿಲ್ಲ ಎಂಬ ದೂರು ಬರುತ್ತದೆ, ಮತ್ತು ತಪ್ಪು ಸದಸ್ಯರ ಮೊಬೈಲಿನ ತಲೆಗೆ ಬೀಳುತ್ತದೆ.

ಪರಿಹಾರ ಸುಲಭ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಉಚಿತ ಪ್ರಮಾಣಪತ್ರ ಸಂಸ್ಥೆಯಿಂದ ಪ್ರಮಾಣಪತ್ರಗಳನ್ನು ತರುವ ಸರ್ಟ್‌ಬಾಟ್ ಎಂಬ ಸಾಫ್ಟ್‌ವೇರ್, 'ಸರ್ಟ್' ಮತ್ತು 'ಫುಲ್‌ಚೈನ್' ಎಂಬ ಎರಡು ಪೆಮ್ ಕಡತಗಳನ್ನು ಒಂದೇ ಫೋಲ್ಡರಿನಲ್ಲಿ ಇಡುತ್ತದೆ. ಮೊದಲನೆಯದರಲ್ಲಿ ತಾಣದ ಪ್ರಮಾಣಪತ್ರ ಮಾತ್ರ, ಎರಡನೆಯದರಲ್ಲಿ ಮಧ್ಯಂತರವೂ ಇದೆ. ತಾಣವನ್ನು ನಡೆಸುವ ಎಂಜಿನ್‌ಎಕ್ಸ್ ಎಂಬ ಸರ್ವರ್ ಸಾಫ್ಟ್‌ವೇರಿಗೆ ತೋರಿಸಬೇಕಾದುದು ಎರಡನೆಯದನ್ನು. ಕಡತವನ್ನು ಕೈಯಿಂದ ಜೋಡಿಸುವವರು ತಾಣದ್ದನ್ನು ಮೊದಲು, ಮಧ್ಯಂತರವನ್ನು ಅನಂತರ ಇಡಬೇಕು.

ತೀರ ಹಳೆಯ ಮೊಬೈಲುಗಳ ಕಥೆ ಬೇರೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಫೋನುಗಳಲ್ಲಿ ಇಲ್ಲ. ಅಂತಹ ಫೋನುಗಳಿಗಾಗಿ ಇದ್ದ ಹಳೆಯ ಏರ್ಪಾಡು 2024ರಲ್ಲಿ ಕೊನೆಗೊಂಡಿತು. ಸರ್ವರಿನಲ್ಲಿ ಏನು ತಿದ್ದಿದರೂ ಆ ಪ್ರಮಾಣಪತ್ರವನ್ನು ಅವು ನಂಬುವುದಿಲ್ಲ. ತನ್ನದೇ ಮೂಲ ಪಟ್ಟಿಯನ್ನು ಹೊತ್ತು ತರುವ ಫೈರ್‌ಫಾಕ್ಸ್ ಆ ಫೋನಿಗೆ ಹಿಡಿಸಿದರೆ ಒಂದು ದಾರಿಯಾಗುತ್ತದೆ.

ಜೋಡಿಯಾಗದ ಕೀಲಿ

ಪ್ರಮಾಣಪತ್ರ ನವೀಕರಿಸಿದ ಮೇಲೆ ಸರ್ವರ್ ಆರಂಭವೇ ಆಗದೆ, ಲಾಗ್‌ನಲ್ಲಿ 'ಕೀ ವ್ಯಾಲ್ಯೂಸ್ ಮಿಸ್‌ಮ್ಯಾಚ್' ಎಂದು ಬರೆದಿದ್ದರೆ, ಹೊಸ ಪ್ರಮಾಣಪತ್ರವನ್ನು ಹಳೆಯ ಕೀಲಿಯ ಜೊತೆ ಕೂರಿಸಲಾಗಿದೆ ಎಂದರ್ಥ. ಕೀಲಿಯೊಳಗಿನ ಮಾಡ್ಯುಲಸ್ ಎಂಬ ದೊಡ್ಡ ಸಂಖ್ಯೆಗಳನ್ನು ಹೋಲಿಸಿ ನೋಡಿ ಎಂಬ ಸಲಹೆ ಹಲವು ಕಡೆ ಸಿಗುತ್ತದೆ, ಆದರೆ ಅದು ಆರ್‌ಎಸ್‌ಎ ಎಂಬ ಬಗೆಯ ಕೀಲಿಗಳಿಗೆ ಮಾತ್ರ ಸಲ್ಲುತ್ತದೆ. ಸರ್ಟ್‌ಬಾಟ್ 2.0 ಆವೃತ್ತಿಯಿಂದ ಈಚೆಗೆ ತಾನಾಗಿ ತಯಾರಿಸುವುದು ಇಸಿಡಿಎಸ್‌ಎ ಎಂಬ ಇನ್ನೊಂದು ಬಗೆಯ ಕೀಲಿಗಳನ್ನು, ಅವಕ್ಕೆ ಮಾಡ್ಯುಲಸ್ ಇರುವುದಿಲ್ಲ. ಎರಡಕ್ಕೂ ನಡೆಯುವ ವಿಧಾನ ಎಂದರೆ, ಓಪನ್‌ಎಸ್‌ಎಸ್‌ಎಲ್‌ನಿಂದ ಪ್ರಮಾಣಪತ್ರದೊಳಗಿನ ಸಾರ್ವಜನಿಕ ಕೀಲಿಯನ್ನು ಒಂದು ಕಡತಕ್ಕೂ, ಖಾಸಗಿ ಕೀಲಿಯಿಂದ ಹೊರಡುವ ಸಾರ್ವಜನಿಕ ಕೀಲಿಯನ್ನು ಇನ್ನೊಂದು ಕಡತಕ್ಕೂ ಬರೆಸಿ, ಎರಡನ್ನೂ ಹೋಲಿಸುವುದು. ಒಂದಕ್ಷರವೂ ಬೇರೆಯಾಗಿರಬಾರದು. ಈ ಕೆಲಸವನ್ನು ಸರ್ವರಿನಲ್ಲಿಯೇ ಮಾಡಬೇಕು. 'ಕೀಲಿಯನ್ನು ಇಲ್ಲಿ ಅಂಟಿಸಿ, ಪರೀಕ್ಷಿಸಿ ಕೊಡುತ್ತೇವೆ' ಎನ್ನುವ ಜಾಲತಾಣಗಳಿಗೆ ಖಾಸಗಿ ಕೀಲಿಯನ್ನು ಕೊಡಲೇಬಾರದು. ಕೀಲಿಯ ಕಡತದ ಅನುಮತಿ 600 ಎಂದಿರಲಿ, ಅಂದರೆ ಒಡೆಯನ ಹೊರತು ಬೇರೆ ಯಾರೂ ಓದುವಂತಿರಬಾರದು.

ನವೀಕರಣ ನಿಂತುಹೋದರೆ

ಅವಧಿಯ ಲೆಕ್ಕದಲ್ಲಿ ಮೊದಲು ಗಮನಿಸಬೇಕಾದುದು, ಪ್ರಮಾಣಪತ್ರದಲ್ಲಿ ಸಮಯ ಬರೆದಿರುವುದು ಜಿಎಂಟಿಯಲ್ಲಿ ಎಂಬುದು. ಜುಲೈ 14ರ 18:30 ಎಂದಿದ್ದರೆ ನಮ್ಮಲ್ಲಿ ಆಗ ಜುಲೈ 15 ಆರಂಭವಾಗಿರುತ್ತದೆ.

ಲೆಟ್ಸ್ ಎನ್‌ಕ್ರಿಪ್ಟ್‌ನ ಸಾಮಾನ್ಯ ಪ್ರಮಾಣಪತ್ರ ಇದುವರೆಗೆ 90 ದಿನಗಳದ್ದು. ನವೀಕರಣ ತಾನಾಗಿ ಆಗಬೇಕು. ಆಗದಿದ್ದರೆ ಕಾರಣ ಹೆಚ್ಚಾಗಿ 80ನೇ ಪೋರ್ಟಿನಲ್ಲಿ (ಸುರಕ್ಷಿತವಲ್ಲದ ಹಳೆಯ ಬಗೆಯ ಸಂಪರ್ಕದ ಬಾಗಿಲು) ಸಿಗುತ್ತದೆ. ಎಲ್ಲವೂ ಸುರಕ್ಷಿತವಾಯಿತಲ್ಲ ಎಂದು 80ನೇ ಪೋರ್ಟನ್ನು ಮುಚ್ಚಿಬಿಡುತ್ತಾರೆ, ಆದರೆ ತಾಣ ನಿಮ್ಮದೇ ಎಂದು ಪರೀಕ್ಷಿಸಲು ಲೆಟ್ಸ್ ಎನ್‌ಕ್ರಿಪ್ಟ್ ಸಾಮಾನ್ಯ ವಿಧಾನದಲ್ಲಿ ಬಡಿಯುವುದು ಅದೇ ಬಾಗಿಲನ್ನು. ಡೊಮೇನನ್ನು ಹೊಸ ಸರ್ವರಿಗೆ ಬದಲಿಸಿ ಐಪಿವಿ6 ಎಂಬ ಹೊಸ ಬಗೆಯ ಇಂಟರ್‌ನೆಟ್ ವಿಳಾಸವನ್ನು ಹಳೆಯದರಲ್ಲಿಯೇ ಬಿಟ್ಟಿರುವುದು ಇನ್ನೊಂದು ಕಾರಣ. ಡೊಮೇನಿನ ವಿಳಾಸಪಟ್ಟಿಯಾದ ಡಿಎನ್‌ಎಸ್‌ನಲ್ಲಿ, ಯಾವ ಸಂಸ್ಥೆ ಪ್ರಮಾಣಪತ್ರ ಕೊಡಬಹುದು ಎಂದು ಹೇಳುವ ಸಿಎಎ ದಾಖಲೆಯಲ್ಲಿ ಬೇರೆ ಸಂಸ್ಥೆಯ ಹೆಸರು ಮಾತ್ರ ಇದ್ದರೂ ಪ್ರಮಾಣಪತ್ರ ಸಿಗುವುದಿಲ್ಲ. ಸರ್ಟ್‌ಬಾಟ್‌ನ 'ಡ್ರೈ ರನ್' ಆಯ್ಕೆ ನಿಜವಾದ ಪ್ರಮಾಣಪತ್ರ ತರಿಸದೆ ಪರೀಕ್ಷೆ ಮಾಡುತ್ತದೆ. ಅದನ್ನು ಬಿಟ್ಟು ಮತ್ತೆ ಮತ್ತೆ ನಿಜವಾದ ಅರ್ಜಿಯನ್ನೇ ಹಾಕಿದರೆ ಮಿತಿ ಮುಗಿಯುತ್ತದೆ: ಒಂದೇ ಹೆಸರುಗಳ ಪಟ್ಟಿಗೆ 7 ದಿನಗಳಲ್ಲಿ 5 ಪ್ರಮಾಣಪತ್ರಗಳು ಮಾತ್ರ. ಎಲ್ಲವನ್ನೂ ಅಳಿಸಿ ಹೊಸದಾಗಿ ತರಿಸುವವರು ಸಿಕ್ಕಿಬೀಳುವುದು ಇಲ್ಲಿಯೇ.

ಕಡತ ಹೊಸದಾಗಿದ್ದರೂ ಹೊರಗಿನವರಿಗೆ ಹಳೆಯದೇ ಕಾಣುತ್ತಿದೆ ಎಂದರೆ, ಸರ್ವರ್ ಸಾಫ್ಟ್‌ವೇರ್ ಹಳೆಯದನ್ನು ನೆನಪಿನಲ್ಲಿ ಹಿಡಿದುಕೊಂಡಿದೆ. ನವೀಕರಣವಾದೊಡನೆ ಅದನ್ನು ರಿಲೋಡ್ ಮಾಡಿಸುವ ಆಜ್ಞೆಯನ್ನು ಸರ್ಟ್‌ಬಾಟ್‌ನ 'ಡಿಪ್ಲಾಯ್ ಹುಕ್'ನಲ್ಲಿ ಹಾಕಿಡಬೇಕು. ಅವಧಿ ಮುಗಿಯುತ್ತಿದೆ ಎಂದು ಮಿಂಚಂಚೆ ಕಳುಹಿಸುವ ಪದ್ಧತಿಯನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿದ್ದರಿಂದ ಕಾವಲು ನಮ್ಮದೇ. ಹಣ ಕೊಟ್ಟು ವರ್ಷಕ್ಕೊಮ್ಮೆ ತರಿಸುವವರಿಗೂ ನೆಮ್ಮದಿ ಹೆಚ್ಚು ಕಾಲ ಇಲ್ಲ. ಬ್ರೌಸರ್ ಮತ್ತು ಪ್ರಮಾಣಪತ್ರ ಸಂಸ್ಥೆಗಳ ಒಕ್ಕೂಟ 2025ರಲ್ಲಿ ಮಾಡಿದ ನಿರ್ಧಾರದಂತೆ, 398 ದಿನಗಳಿದ್ದ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200, 2027ರ ಅದೇ ದಿನದಿಂದ 100, 2029ರ ಅದೇ ದಿನದಿಂದ 47 ದಿನಗಳಿಗೆ ಇಳಿಯುತ್ತದೆ. ಕೈಯಿಂದ ನವೀಕರಿಸುವ ಏರ್ಪಾಡು ಇನ್ನು ನಡೆಯುವ ಮಾತಲ್ಲ.

ಹೆಸರು, ಅವಧಿ, ಕೊಂಡಿ, ಕೀಲಿ ಎಲ್ಲವೂ ಸರಿಯಿದ್ದೂ ಹಳೆಯ ಯಂತ್ರವೊಂದು ಸಂಪರ್ಕ ಕಳೆದುಕೊಂಡರೆ ಅದು ಟಿಎಲ್‌ಎಸ್ ಎಂಬ ಸುರಕ್ಷಿತ ಸಂಪರ್ಕದ ನಿಯಮಾವಳಿಯ 1.0 ಅಥವಾ 1.1 ಆವೃತ್ತಿ ಮಾತ್ರ ತಿಳಿದದ್ದಾಗಿರಬಹುದು. 2021ರಲ್ಲಿ ಅಧಿಕೃತವಾಗಿ ಬಳಕೆಯಿಂದ ತೆಗೆದ ಆ ಆವೃತ್ತಿಗಳನ್ನು ಅದಕ್ಕಾಗಿ ಮತ್ತೆ ಆನ್ ಮಾಡಬಾರದು; ಸರ್ವರಿನಲ್ಲಿ 1.2 ಮತ್ತು 1.3 ಇದ್ದರೆ ಸಾಕು.

ಹೊಸ ಕೀಲಿ ಮಾಡಲೇಬೇಕಾದ ಸಂದರ್ಭವೂ ಇದೆ. ಖಾಸಗಿ ಕೀಲಿ ವಾಟ್ಸಾಪಿನಲ್ಲಿ ಯಾರಿಗೋ ಹೋಗಿದ್ದರೆ, ಮಿಂಚಂಚೆಗೆ ಲಗತ್ತಾಗಿದ್ದರೆ, ಅಥವಾ ಜಾಲತಾಣ ಮಾಡಿಕೊಟ್ಟು ಬಿಟ್ಟುಹೋದವರ ಲ್ಯಾಪ್‌ಟಾಪಿನಲ್ಲಿ ಅದರ ಪ್ರತಿ ಉಳಿದಿದ್ದರೆ, ಮೊದಲು ಹೊಸ ಕೀಲಿಯೊಂದಿಗೆ ಹೊಸ ಪ್ರಮಾಣಪತ್ರ ಪಡೆದು ಸರ್ವರಿನಲ್ಲಿ ಕೂರಿಸಿ, ಹೊರಗಿನ ಮೊಬೈಲಿನಿಂದ ತೆರೆದು ನೋಡಿ, ಆಮೇಲೆ ಹಳೆಯದನ್ನು 'ಕೀ ಕಾಂಪ್ರಮೈಸ್' ಎಂಬ ಕಾರಣ ಕೊಟ್ಟು ರದ್ದುಪಡಿಸಬೇಕು. ಈ ಅನುಕ್ರಮವನ್ನು ತಿರುಗಿಸಿದರೆ ನಡುವಿನ ಹೊತ್ತಿನಲ್ಲಿ ತಾಣಕ್ಕೆ ಬಂದವರಿಗೆಲ್ಲ ರದ್ದಾದ ಪ್ರಮಾಣಪತ್ರದ ಎಚ್ಚರಿಕೆ ಎದುರಾಗಬಹುದು.